ಅಪ್‌ಡೇಟ್ ಕೈಕೊಟ್ಟಾಗ ಹಿಂದಿರುಗುವ ಮೂರು ದಾರಿ: ಟೈಮ್‌ಶಿಫ್ಟ್, ಸ್ನ್ಯಾಪರ್, ಸಿಲ್ವರ್‌ಬ್ಲೂ

ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಡುವುದು ಈಗ ಅರ್ಧ ಗಂಟೆಯ ಕೆಲಸ. ಹಾಕಿಕೊಟ್ಟದ್ದನ್ನು ವರ್ಷಗಟ್ಟಲೆ ಸುಸ್ಥಿತಿಯಲ್ಲಿ ಇಡುವುದೇ ನಿಜವಾದ ಕೆಲಸ. ನಮ್ಮ ಮನೆಯದು, ಅಣ್ಣನ ಮನೆಯದು, ಮಂಗಳೂರಿನ ಹಾಸ್ಟೆಲಿನಲ್ಲಿ ಓದುತ್ತಿರುವ ಅಕ್ಕನ ಮಗನದು ಎಂದು ಹಲವು ಲ್ಯಾಪ್‌ಟಾಪ್‌ಗಳ ಉಸ್ತುವಾರಿ ನನ್ನ ಪಾಲಿಗಿದೆ. ಅವರಿಂದ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಬಗೆಯವು: ನಿನ್ನೆ ಅಪ್‌ಡೇಟ್ ಆಯಿತು, ಇವತ್ತು ಪರದೆ ಕಪ್ಪಾಗಿದೆ. ಅಂಥ ಹೊತ್ತಿನಲ್ಲಿ ದೋಷದ ಮೂಲ ಹುಡುಕುತ್ತಾ ಕೂರುವಂತಿಲ್ಲ. ಅತ್ತಿಗೆ ಶಾಲೆಯಲ್ಲಿ ಪಾಠ ಮಾಡುವವರು, ಮರುದಿನ ಬೆಳಿಗ್ಗೆ ಪ್ರಶ್ನೆಪತ್ರಿಕೆ ಅಚ್ಚಾಗಬೇಕಿರುತ್ತದೆ. ಮೊದಲು ಯಂತ್ರ ನಿನ್ನೆಯ ಸ್ಥಿತಿಗೆ ಮರಳಬೇಕು, ಮೂಲ ಹುಡುಕುವುದಕ್ಕೆ ಭಾನುವಾರವಿದೆ.

ಹಾಗೆ ಮರಳುವುದಕ್ಕೆ ಇಂದು ಮೂರು ಬೇರೆ ಬೇರೆ ದಾರಿಗಳಿವೆ. ಲಿನಕ್ಸ್ ಮಿಂಟ್‌ನ ಜತೆ ಬರುವ ಟೈಮ್‌ಶಿಫ್ಟ್, ಓಪನ್‌ಸೂಸೆ ಟಂಬಲ್‌ವೀಡ್‌ನ ಸ್ನ್ಯಾಪರ್, ಮತ್ತು ಇಡೀ ವ್ಯವಸ್ಥೆಯನ್ನೇ ಬೇರೆ ರೀತಿಯಲ್ಲಿ ಕಟ್ಟಿರುವ ಫೆಡೋರಾ ಸಿಲ್ವರ್‌ಬ್ಲೂ. ಮಿಂಟ್, ಟಂಬಲ್‌ವೀಡ್, ಸಿಲ್ವರ್‌ಬ್ಲೂ ಮೂರೂ ಲಿನಕ್ಸ್‌ನ ಬೇರೆ ಬೇರೆ ವಿತರಣೆಗಳು. ಮೂರನ್ನೂ ಒಂದೇ ಹಳೆಯ ಥಿಂಕ್‌ಪ್ಯಾಡ್ ಟಿ430ರಲ್ಲಿ ಸರದಿಯಂತೆ ಹಾಕಿ, ಕೆಲವು ವಾರ ದಿನಬಳಕೆ ಮಾಡಿ, ಆಮೇಲೆ ಬೇಕೆಂದೇ ಕೆಡಿಸಿ ನೋಡಿದೆ. ಈ ಮಾದರಿಯ ಬ್ಯಾಟರಿಯನ್ನು ಕೈಯಲ್ಲೇ ಬಿಚ್ಚಬಹುದು. ಅಪ್‌ಡೇಟ್ ನಡೆಯುತ್ತಿರುವಾಗ ಕರೆಂಟು ಹೋದರೆ ಏನಾಗುತ್ತದೆಂದು ಪರೀಕ್ಷಿಸುವುದಕ್ಕೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಮಲೆನಾಡಿನ ಮಳೆಗಾಲವನ್ನು ಕಂಡವರಿಗೆ ಇದೇ ಮೊದಲ ಪರೀಕ್ಷೆ.

ಟೈಮ್‌ಶಿಫ್ಟ್‌ನ ಕೆಲಸ ಅರ್ಥವಾಗುವುದು ಸುಲಭ. ಅದು ಎಕ್ಸ್‌ಟಿ4 ಎಂಬ ಸಾಮಾನ್ಯ ಕಡತ ವ್ಯವಸ್ಥೆಯ ಡಿಸ್ಕಿನಲ್ಲಿ ಆರ್‌ಸಿಂಕ್ ಎಂಬ ನಕಲು ಸಾಧನ ಬಳಸಿ ವ್ಯವಸ್ಥೆಯ ಎಲ್ಲ ಕಡತಗಳ ನಕಲನ್ನು ತೆಗೆದಿಡುತ್ತದೆ. ಮೊದಲ ನಕಲು ಇಡೀ ವ್ಯವಸ್ಥೆಯಷ್ಟೇ ದೊಡ್ಡದು. ಮುಂದಿನವುಗಳಲ್ಲಿ ಬದಲಾಗದ ಕಡತಗಳಿಗೆ ಹಾರ್ಡ್‌ಲಿಂಕ್ (ಇರುವ ಕಡತಕ್ಕೇ ಇನ್ನೊಂದು ಹೆಸರು) ಮಾತ್ರ ಇರುವುದರಿಂದ ಹೆಚ್ಚು ಜಾಗ ಹಿಡಿಯುವುದಿಲ್ಲ. ಬಳಸುವವರ ಸ್ವಂತ ಕಡತಗಳಿರುವ ಹೋಮ್ ಕೋಶವನ್ನು ತಾನಾಗಿ ಮುಟ್ಟುವುದಿಲ್ಲ, ಆದ್ದರಿಂದ ಫೋಟೋ, ಕಡತಗಳೆಲ್ಲ ಇದ್ದಲ್ಲೇ ಇರುತ್ತವೆ. 2017ರ ಮಿಂಟ್ 18.3ರಿಂದ ಇದು ಮಿಂಟ್‌ನ ಜತೆಗೇ ಬರುತ್ತಿದೆ. 2022ರಲ್ಲಿ ಅದರ ಅಭಿವೃದ್ಧಿಯ ಹೊಣೆಯನ್ನೂ ಮಿಂಟ್ ತಂಡವೇ ವಹಿಸಿಕೊಂಡಿತು.

ಸ್ನ್ಯಾಪರ್ ನಿಂತಿರುವುದು ಬಿಟಿಆರ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯ ಮೇಲೆ. ಇಲ್ಲಿ ನಕಲು ಮಾಡುವ ಕೆಲಸವೇ ಇಲ್ಲ. ಆ ಕ್ಷಣದ ಸ್ಥಿತಿಯನ್ನು ಗುರುತು ಮಾಡಿಟ್ಟುಕೊಂಡು, ಮುಂದೆ ಬದಲಾದ ಭಾಗಗಳನ್ನಷ್ಟೇ ಬೇರೆಡೆ ಬರೆಯುತ್ತದೆ. ಹಾಗಾಗಿ ಸ್ನ್ಯಾಪ್‌ಶಾಟ್, ಅಂದರೆ ಆ ಸ್ಥಿತಿಯ ದಾಖಲೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ನಿಜವಾದ ಜಾಣತನ ಇರುವುದು ಬೇರೆಡೆ. ಓಪನ್‌ಸೂಸೆಯಲ್ಲಿ ತಂತ್ರಾಂಶ ಹಾಕುವ ಸಾಧನವಾದ ಜಿಪ್ಪರ್ ಬಳಸಿ ಏನನ್ನೇ ಹಾಕಿದರೂ ತೆಗೆದರೂ ಅದಕ್ಕೆ ಮೊದಲು ಒಂದು, ನಂತರ ಒಂದು ಸ್ನ್ಯಾಪ್‌ಶಾಟ್ ತಾನಾಗಿ ಬೀಳುತ್ತದೆ. ಯಂತ್ರ ಶುರುವಾಗುವಾಗ ಬರುವ ಬೂಟ್ ಮೆನುವಿನಲ್ಲಿ ಅವೆಲ್ಲವೂ ದಿನಾಂಕದೊಡನೆ ಪಟ್ಟಿಯಾಗಿ ಕಾಣುತ್ತವೆ. ಬಳಸುವವರು ನೆನಪಿಟ್ಟುಕೊಂಡು ಮಾಡಬೇಕಾದದ್ದು ಏನೂ ಇಲ್ಲ.

ಟೈಮ್‌ಶಿಫ್ಟ್ ಹಿಂದೆ ಬೀಳುವುದು ಇಲ್ಲಿಯೇ. ಮಿಂಟ್‌ನ ಅಪ್‌ಡೇಟ್ ಮ್ಯಾನೇಜರ್ ಸ್ನ್ಯಾಪ್‌ಶಾಟ್ ವ್ಯವಸ್ಥೆ ಮಾಡಿಕೊಳ್ಳಿ ಎಂದು ನೆನಪಿಸುತ್ತದೆ, ಆದರೆ ಪ್ರತಿ ಅಪ್‌ಡೇಟಿಗೂ ಮೊದಲು ತಾನೇ ತೆಗೆಯುವುದಿಲ್ಲ. ನೀವು ದಿನಕ್ಕೊಂದು ಅಥವಾ ವಾರಕ್ಕೊಂದು ಎಂದು ವೇಳಾಪಟ್ಟಿ ಹಾಕಿಕೊಡಬೇಕು. ನಾನು ಹಾಕಿಕೊಡುವ ಎಲ್ಲ ಮಿಂಟ್ ಯಂತ್ರಗಳಲ್ಲೂ ದಿನಕ್ಕೊಂದರಂತೆ ಐದನ್ನು ಉಳಿಸಿಕೊಳ್ಳುವಂತೆ ಇಟ್ಟಿರುತ್ತೇನೆ. ಅದಿಲ್ಲದೆ ಮಿಂಟ್ ಅನ್ನು ಯಾರ ಕೈಗೂ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಸಿಲ್ವರ್‌ಬ್ಲೂ 2018ರ ಅಕ್ಟೋಬರಿನಲ್ಲಿ ಫೆಡೋರಾ 29ರೊಂದಿಗೆ ಆ ಹೆಸರಿನಲ್ಲಿ ಬಂತು. ಇದರಲ್ಲಿ ವ್ಯವಸ್ಥೆಯ ಮುಖ್ಯ ಭಾಗವಾದ ಯುಎಸ್‌ಆರ್ ಕೋಶ ಓದುವುದಕ್ಕೆ ಮಾತ್ರ, ಬರೆಯುವುದಕ್ಕಲ್ಲ. ಅಪ್‌ಡೇಟ್ ಎಂದರೆ ಇರುವುದನ್ನು ತಿದ್ದುವುದಲ್ಲ, ಅದರ ಪಕ್ಕದಲ್ಲಿ ಇಡೀ ಹೊಸ ವ್ಯವಸ್ಥೆಯೊಂದನ್ನು ಸಿದ್ಧಪಡಿಸಿ, ಮುಂದಿನ ಬಾರಿ ಯಂತ್ರ ಶುರುವಾದಾಗ ಅದಕ್ಕೆ ಹೊರಳುವುದು. ಹಳೆಯದು ಹಾಗೆಯೇ ಬೂಟ್ ಮೆನುವಿನ ಎರಡನೆಯ ಸಾಲಿನಲ್ಲಿ ಇರುತ್ತದೆ.

ಈಗ ಕೆಡಿಸಿದ ಕಥೆ. ಮೊದಲನೆಯದು ಕರೆಂಟಿನದು. ಬ್ಯಾಟರಿ ಬಿಚ್ಚಿಟ್ಟು, ಅಪ್‌ಡೇಟ್ ಅರ್ಧದಲ್ಲಿದ್ದಾಗ ಚಾರ್ಜರ್ ಕಿತ್ತೆ. ಮಿಂಟ್ ಮತ್ತೆ ಶುರುವಾಯಿತು. ಡೆಸ್ಕ್‌ಟಾಪ್ ಬಂತು, ಆದರೆ ಹೊಸದೇನನ್ನೂ ಹಾಕಲು ಬಿಡಲಿಲ್ಲ. ಡಿಪಿಕೆಜಿ (ಮಿಂಟ್‌ನಲ್ಲಿ ತಂತ್ರಾಂಶ ಹಾಕುವ ಸಾಧನ) ಅರ್ಧಕ್ಕೆ ನಿಂತಿದೆ, ಬಾಕಿ ಕಾನ್ಫಿಗರ್ ಮುಗಿಸಿ ಎಂಬ ಸಂದೇಶ ಬಂತು. ಆದೇಶಗಳನ್ನು ಬರೆದು ಕೊಡುವ ಕಿಟಕಿಯಾದ ಟರ್ಮಿನಲ್ಲಿನಲ್ಲಿ ಅದು ಹೇಳಿದ ಆದೇಶವನ್ನೇ ಕೊಟ್ಟಾಗ ಸರಿಹೋಯಿತು. ವ್ಯವಸ್ಥೆಯ ತಿರುಳಾದ ಕರ್ನಲ್ ಹಾಕುತ್ತಿರುವ ಹೊತ್ತಿನಲ್ಲೇ ಕರೆಂಟು ಹೋಗಿ, ಅದು ಶುರುವಾಗಲು ಬೇಕಾದ ಇನಿಟ್‌ರಾಮ್‌ಎಫ್‌ಎಸ್ ಎಂಬ ಕಡತ ಪೂರ್ತಿ ಬರೆಯದೆ ಉಳಿದರೆ ಇಷ್ಟು ಸಲೀಸಲ್ಲ. ಆಗ ಬೂಟ್ ಮೆನುವಿನ ಸುಧಾರಿತ ಆಯ್ಕೆಗಳಲ್ಲಿ ಹಳೆಯ ಕರ್ನಲ್ ಆರಿಸಿಕೊಂಡು ಒಳಗೆ ಹೋಗಬೇಕು. ಟಂಬಲ್‌ವೀಡ್‌ನಲ್ಲಿ ಮೆನುವಿನಿಂದ ಅಪ್‌ಡೇಟಿಗೆ ಮೊದಲಿನ ಸ್ನ್ಯಾಪ್‌ಶಾಟ್ ಆರಿಸಿದೆ. ಅದು ಓದುವುದಕ್ಕೆ ಮಾತ್ರ ಎಂಬ ಸ್ಥಿತಿಯಲ್ಲಿ ತೆರೆದುಕೊಂಡಿತು. ಎಲ್ಲವೂ ಸರಿಯಿದೆ ಎಂದು ಕಂಡ ಮೇಲೆ ಟರ್ಮಿನಲ್ಲಿನಲ್ಲಿ ಸ್ನ್ಯಾಪರ್ ರೋಲ್‌ಬ್ಯಾಕ್ ಎಂದು ಆದೇಶ ಕೊಟ್ಟು ಮತ್ತೊಮ್ಮೆ ಶುರು ಮಾಡಿದೆ, ಅಷ್ಟೇ. ಸಿಲ್ವರ್‌ಬ್ಲೂಗೆ ಏನೂ ಆಗಲೇ ಇಲ್ಲ. ಅದು ಹಳೆಯ ವ್ಯವಸ್ಥೆಯಲ್ಲೇ ತೆರೆದುಕೊಂಡಿತು. ಅಪ್‌ಡೇಟ್ ಮತ್ತೆ ಶುರು ಮಾಡಿದಾಗ ಆಗಲೇ ಇಳಿಸಿಕೊಂಡದ್ದನ್ನು ಮತ್ತೆ ಇಳಿಸಿಕೊಳ್ಳಲೂ ಇಲ್ಲ. ಈ ಒಂದು ಪರೀಕ್ಷೆಯಲ್ಲಿ ಸಿಲ್ವರ್‌ಬ್ಲೂ ಉಳಿದೆರಡನ್ನೂ ಬಹಳ ಹಿಂದೆ ಬಿಟ್ಟಿತು.

ಎರಡನೆಯದು ಎಫ್‌ಎಸ್‌ಟ್ಯಾಬ್. ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕೆಂದು ಹೇಳುವ ಈ ಕಡತದಲ್ಲಿ ಇಲ್ಲದ ಡಿಸ್ಕೊಂದರ ಗುರುತನ್ನು ಬರೆದೆ. ಹೊರಗಿನ ಹಾರ್ಡ್‌ಡಿಸ್ಕನ್ನು ಶಾಶ್ವತವಾಗಿ ಜೋಡಿಸಲು ಹೋಗಿ, ಆಮೇಲೆ ಅದನ್ನು ಕಿತ್ತಿಟ್ಟವರಿಗೆ ಈ ಅನುಭವ ಆಗಿಯೇ ಇರುತ್ತದೆ. ಯಂತ್ರ ಒಂದೂವರೆ ನಿಮಿಷ ಆ ಡಿಸ್ಕಿಗಾಗಿ ಕಾಯುತ್ತದೆ, ಸಿಗದಿದ್ದಾಗ ತುರ್ತು ಸ್ಥಿತಿ ಎಂದು ಕಪ್ಪು ಪರದೆಯಲ್ಲಿ ನಿಲ್ಲುತ್ತದೆ. ಆ ಸಾಲಿನ ಆಯ್ಕೆಗಳಲ್ಲಿ ನೋಫೇಲ್ ಎಂದು ಸೇರಿಸಿದ್ದರೆ ಹೀಗೆ ನಿಲ್ಲುವುದಿಲ್ಲ, ಹೊರಗಿನ ಡಿಸ್ಕುಗಳಿಗೆಲ್ಲ ಅದನ್ನು ತಪ್ಪದೆ ಸೇರಿಸಿ. ಟಂಬಲ್‌ವೀಡ್‌ನಲ್ಲಿ ಎಫ್‌ಎಸ್‌ಟ್ಯಾಬ್ ಇರುವ ಇಟಿಸಿ ಕೋಶವೂ ಸ್ನ್ಯಾಪ್‌ಶಾಟಿನ ಒಳಗೇ ಇರುವುದರಿಂದ ಹಳೆಯ ಸ್ನ್ಯಾಪ್‌ಶಾಟಿನಲ್ಲಿ ಹಳೆಯ ಎಫ್‌ಎಸ್‌ಟ್ಯಾಬ್ ಇತ್ತು, ಯಂತ್ರ ತೆರೆದುಕೊಂಡಿತು. ಸಿಲ್ವರ್‌ಬ್ಲೂನ ಹಿಂದಿನ ಆವೃತ್ತಿಗೂ ತನ್ನದೇ ಆದ ಇಟಿಸಿ ಇರುತ್ತದೆ, ಅದೂ ತೆರೆದುಕೊಂಡಿತು. ಮಿಂಟ್‌ನಲ್ಲಿ ಮಾತ್ರ ಲೈವ್ ಪೆನ್‌ಡ್ರೈವ್ (ಡಿಸ್ಕಿಗೆ ಹಾಕದೆಯೇ ಲಿನಕ್ಸ್ ಓಡಿಸುವ ಪೆನ್‌ಡ್ರೈವ್) ಹುಡುಕಿ, ಅದರಿಂದ ಬೂಟ್ ಮಾಡಿ, ಅದರಲ್ಲಿರುವ ಟೈಮ್‌ಶಿಫ್ಟ್ ತೆರೆದು ಡಿಸ್ಕು ಆರಿಸಿ ಮರಳಿಸಿದೆ. ಕೆಲಸ ಅಚ್ಚುಕಟ್ಟಾಗಿಯೇ ಆಯಿತು. ಆದರೆ ಆ ಹೊತ್ತಿನಲ್ಲಿ ಮನೆಯಲ್ಲಿ ಪೆನ್‌ಡ್ರೈವ್ ಇರಬೇಕು, ಅದರಿಂದ ಬೂಟ್ ಮಾಡಲು ಯಾವ ಗುಂಡಿ ಒತ್ತಬೇಕೆಂದು ಗೊತ್ತಿರಬೇಕು.

ಇಲ್ಲಿ ನನ್ನ ಅಳತೆಗೋಲನ್ನು ಹೇಳಬೇಕು. ನಾನು ಪಕ್ಕದಲ್ಲಿ ಇಲ್ಲದಿರುವಾಗ, ಫೋನಿನಲ್ಲಿ ಕನ್ನಡದಲ್ಲಿ ಹೇಳಿ ಮುಗಿಸಬಹುದೇ ಎಂಬುದೇ ಅದು. ಸಿಲ್ವರ್‌ಬ್ಲೂನಲ್ಲಿ ನಾನು ಹೇಳಬೇಕಾದದ್ದು ಇಷ್ಟು: “ಅತ್ತಿಗೆ, ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿ. ಪಟ್ಟಿಯೊಂದು ಬಂದಾಗ ಕೆಳಬಾಣದ ಗುಂಡಿ ಒಂದು ಸಲ ಒತ್ತಿ ಎಂಟರ್ ಕೊಡಿ.” ಫೆಡೋರಾದಲ್ಲಿ ಆ ಮೆನು ಸಾಮಾನ್ಯವಾಗಿ ಅಡಗಿರುತ್ತದೆ. ಆದರೆ ಹಿಂದಿನ ಬೂಟ್ ಯಶಸ್ವಿಯಾಗದಿದ್ದರೆ ತಾನಾಗಿ ಕಾಣಿಸಿಕೊಳ್ಳುತ್ತದೆ. ಲಾಗಿನ್ ಆಗಿ ಎರಡು ನಿಮಿಷ ಕಳೆದರೆ ಮಾತ್ರ ಅದು ಬೂಟ್ ಯಶಸ್ವಿ ಎಂದು ಲೆಕ್ಕ ಹಾಕುತ್ತದೆ. ಹೀಗೆ ಯೋಚಿಸಿದವರ ಬಗ್ಗೆ ನನಗೆ ನಿಜವಾದ ಗೌರವವಿದೆ. ಟಂಬಲ್‌ವೀಡ್‌ನ ಮೆನು ಪ್ರತಿ ಸಲವೂ ಕಾಣುತ್ತದೆ, ಸ್ನ್ಯಾಪ್‌ಶಾಟ್ ಆರಿಸುವವರೆಗೆ ಫೋನಿನಲ್ಲಿ ಹೇಳಬಹುದು. ಆಮೇಲೆ ಟರ್ಮಿನಲ್ ತೆರೆದು ಆದೇಶ ಬರೆಸಬೇಕಾಗುತ್ತದೆ, ಅಕ್ಷರ ಅಕ್ಷರವಾಗಿ. ಅಕ್ಕನ ಮಗನಿಗೆ ಅದು ಏನೂ ಅಲ್ಲ. ಅತ್ತಿಗೆಗೆ ಅದನ್ನು ಹೇಳಲು ನನಗೆ ಮನಸ್ಸಿಲ್ಲ.

ಹಿಂದಕ್ಕೆ ಹೋದ ಮೇಲೆ ಎದುರಾಗುವ ಒಂದು ತೊಡಕನ್ನು ಹೆಚ್ಚಿನವರು ಹೇಳುವುದಿಲ್ಲ. ಮೂರರಲ್ಲೂ ಹೋಮ್ ಕೋಶ ಹಿಂದಕ್ಕೆ ಹೋಗುವುದಿಲ್ಲ, ಹೋಗಲೂಬಾರದು. ಆದರೆ ಫೈರ್‌ಫಾಕ್ಸ್ ತನ್ನ ಪ್ರೊಫೈಲನ್ನು ಹೋಮ್‌ನಲ್ಲೇ ಇಡುತ್ತದೆ. ಹೊಸ ಆವೃತ್ತಿ ಒಮ್ಮೆ ಮುಟ್ಟಿದ ಪ್ರೊಫೈಲನ್ನು ಹಳೆಯ ಆವೃತ್ತಿ ತೆರೆಯಲು ಒಪ್ಪುವುದಿಲ್ಲ, ಹೊಸ ಪ್ರೊಫೈಲ್ ಮಾಡಿಕೊಳ್ಳಿ ಎನ್ನುತ್ತದೆ. 2019ರ 67ನೇ ಆವೃತ್ತಿಯಿಂದ ಈ ತಡೆ ಇದೆ. ಬಳಸುವವರ ಕಣ್ಣಿಗೆ ಬುಕ್‌ಮಾರ್ಕುಗಳೂ ಪಾಸ್‌ವರ್ಡುಗಳೂ ಮಾಯವಾದಂತೆ ಕಾಣುತ್ತದೆ. ಅವು ಎಲ್ಲಿಯೂ ಹೋಗಿರುವುದಿಲ್ಲ, ಫೈರ್‌ಫಾಕ್ಸನ್ನು ಹೊಸದಾಗಿಸಿದರೆ ಹಳೆಯ ಪ್ರೊಫೈಲ್ ಮತ್ತೆ ತೆರೆದುಕೊಳ್ಳುತ್ತದೆ. ಮಿಂಟ್ ಮತ್ತು ಟಂಬಲ್‌ವೀಡ್ ಎರಡರಲ್ಲೂ ಇದು ಎದುರಾಯಿತು. ಸಿಲ್ವರ್‌ಬ್ಲೂನಲ್ಲಿ ನಾನು ಫೈರ್‌ಫಾಕ್ಸನ್ನು ಫ್ಲಾಟ್‌ಪ್ಯಾಕ್ ರೂಪದಲ್ಲಿ, ಅಂದರೆ ಮೂಲ ವ್ಯವಸ್ಥೆಯಿಂದ ಬೇರೆಯಾಗಿ, ಹಾಕಿಕೊಂಡಿದ್ದೆ. ಅದು ವ್ಯವಸ್ಥೆಯ ಜತೆ ಹಿಂದಕ್ಕೆ ಹೋಗುವುದಿಲ್ಲವಾದ್ದರಿಂದ ಈ ಪ್ರಶ್ನೆಯೇ ಬರಲಿಲ್ಲ. ಹೋಮ್‌ಗೆ ಹಾಕಿಕೊಂಡ ಕನ್ನಡ ಫಾಂಟುಗಳು, ಐಬಸ್‌ನ ಕೀಲಿಮಣೆ ಆಯ್ಕೆ ಇವೆಲ್ಲ ಮೂರರಲ್ಲೂ ಅಲುಗಾಡದೆ ಉಳಿದವು.

ಲಾಗ್, ದತ್ತಾಂಶದಂಥ ಸದಾ ಬದಲಾಗುವ ಕಡತಗಳಿರುವ ವಾರ್ ಕೋಶದ ಕಥೆ ಹಾಗಲ್ಲ. ಟೈಮ್‌ಶಿಫ್ಟ್ ಅದನ್ನೂ ಹಿಂದಕ್ಕೆ ಒಯ್ಯುತ್ತದೆ. ನಿಮ್ಮ ಯಂತ್ರದಲ್ಲಿ ಮೈಸೀಕ್ವೆಲ್ ಎಂಬ ದತ್ತಸಂಚಯ ತಂತ್ರಾಂಶ ಓಡುತ್ತಿದ್ದರೆ, ಅದರ ದತ್ತಾಂಶ ಆ ಕೋಶದಲ್ಲೇ ಇದ್ದರೆ, ನಿನ್ನೆಗೆ ಮರಳಿದಾಗ ಇವತ್ತು ಸೇರಿಸಿದ ದಾಖಲೆಗಳು ಹೋಗಿಬಿಡುತ್ತವೆ. ಲೆಕ್ಕಪತ್ರ ಇಡುವವರು ಇದನ್ನು ಗಮನಿಸಲೇಬೇಕು, ಹೊರಗಿಡುವ ಪಟ್ಟಿಗೆ ಆ ಕೋಶವನ್ನು ಸೇರಿಸಬೇಕು. ಓಪನ್‌ಸೂಸೆಯವರು ವಾರ್ ಅನ್ನು ಸ್ನ್ಯಾಪ್‌ಶಾಟಿನಿಂದ ಹೊರಗೆ ಇಟ್ಟಿದ್ದಾರೆ. ಆದರೆ ಯಾವ ಪ್ಯಾಕೇಜುಗಳು (ತಂತ್ರಾಂಶದ ಕಟ್ಟುಗಳು) ಇವೆ ಎಂದು ಹೇಳುವ ಆರ್‌ಪಿಎಂ ದತ್ತಸಂಚಯವನ್ನು ಮಾತ್ರ ವಾರ್‌ನಿಂದ ಯುಎಸ್‌ಆರ್‌ಗೆ ಸಾಗಿಸಿದ್ದಾರೆ, ಅದು ವ್ಯವಸ್ಥೆಯ ಜತೆಯಲ್ಲೇ ಹಿಂದಕ್ಕೆ ಹೋಗಬೇಕಲ್ಲ! ವಾರ್ ಹೊರಗಿರುವುದರ ಇನ್ನೊಂದು ಲಾಭ: ಕೆಟ್ಟ ಬೂಟಿನ ಲಾಗ್ ಅಳಿಯುವುದಿಲ್ಲ. ಭಾನುವಾರ ಕುಳಿತು ಲಾಗ್ ತೋರಿಸುವ ಜರ್ನಲ್‌ಸಿಟಿಎಲ್‌ ಆದೇಶದಲ್ಲಿ ಆ ಬೂಟಿನ ದೋಷಗಳನ್ನಷ್ಟೇ ಸೋಸಿ ನೋಡಿದರೆ ಯಾವ ಡ್ರೈವರ್ ಹೊಸ ಕರ್ನಲ್ ಜತೆ ಹೊಂದಲಿಲ್ಲ ಎಂಬುದು ಹೆಚ್ಚಿನ ಸಲ ಅಲ್ಲೇ ಸಿಗುತ್ತದೆ. ಸಿಲ್ವರ್‌ಬ್ಲೂ ಕೂಡ ವಾರ್ ಅನ್ನು ಮುಟ್ಟುವುದಿಲ್ಲ.

ಹಾಗಾದರೆ ಎಲ್ಲರಿಗೂ ಸಿಲ್ವರ್‌ಬ್ಲೂ ಹಾಕಿಬಿಡಬಹುದಲ್ಲ ಎಂದರೆ, ಇಲ್ಲ. ಅದರ ಕಷ್ಟ ಬೇರೆ ಕಡೆ ಇದೆ. ಫ್ಲಾಟ್‌ಪ್ಯಾಕ್‌ನಲ್ಲಿ ಸಿಗದ ಪ್ಯಾಕೇಜೊಂದು ಬೇಕಾದರೆ ಅದನ್ನು ಮೂಲ ವ್ಯವಸ್ಥೆಯ ಮೇಲೆ ಪದರವಾಗಿ ಸೇರಿಸಬೇಕು, ಸೇರಿಸಿದ ಮೇಲೆ ಯಂತ್ರವನ್ನು ಮತ್ತೆ ಶುರು ಮಾಡಬೇಕು. ನಾನು ಒಂದು ಪ್ರಿಂಟರಿನ ಡ್ರೈವರ್, ಕೆಲವು ವಿಡಿಯೋ ಕೋಡೆಕ್‌ಗಳನ್ನು ಹಾಗೆ ಸೇರಿಸಿದೆ. ಅಂದಿನಿಂದ ಪ್ರತಿ ಅಪ್‌ಡೇಟಿನಲ್ಲೂ ಆ ಪದರಗಳನ್ನು ಮತ್ತೆ ಕಟ್ಟಬೇಕಾಗಿ ಸಮಯ ಕಣ್ಣಿಗೆ ಕಾಣುವಷ್ಟು ಹೆಚ್ಚಿತು. ಸೇರಿಸಿದ ಪ್ಯಾಕೇಜು ಹೊಸ ಮೂಲದ ಜತೆ ಹೊಂದದಿದ್ದರೆ ಅಪ್‌ಡೇಟೇ ನಿಂತುಬಿಡುತ್ತದೆ. ಫೆಡೋರಾದ ಪ್ರತಿ ಆವೃತ್ತಿಗೆ ಸುಮಾರು ಹದಿಮೂರು ತಿಂಗಳ ಬೆಂಬಲ ಮಾತ್ರ, ವರ್ಷಕ್ಕೊಮ್ಮೆಯಾದರೂ ದೊಡ್ಡ ಜಿಗಿತ ತಪ್ಪಿದ್ದಲ್ಲ. ಮಿಂಟ್ 22ಕ್ಕೆ 2029ರವರೆಗೂ ಬೆಂಬಲವಿದೆ.

ಇಂಟರ್‌ನೆಟ್ ಖರ್ಚಿನಲ್ಲಿ ಟಂಬಲ್‌ವೀಡ್ ಅತಿ ದುಬಾರಿ. ಅದು ಸದಾ ಹರಿಯುತ್ತಿರುವ ಆವೃತ್ತಿ, ಹೊಸದು ಸಿದ್ಧವಾದಂತೆಲ್ಲ ಬರುತ್ತಲೇ ಇರುತ್ತದೆ. ಎಲ್ಲ ತಂತ್ರಾಂಶವನ್ನೂ ಕಟ್ಟುವ ಮೂಲ ಕಂಪೈಲರ್ ಬದಲಾದ ವಾರದಲ್ಲಿ ಸಾವಿರಾರು ಪ್ಯಾಕೇಜುಗಳು ಒಮ್ಮೆಗೇ ಬರುತ್ತವೆ. ಮೊಬೈಲ್ ಹಾಟ್‌ಸ್ಪಾಟ್ ನಂಬಿದವರಿಗೆ ಇದು ಆಗುವ ಮಾತಲ್ಲ. ಅಷ್ಟು ಬದಲಾವಣೆಯಾದಾಗ ಸ್ನ್ಯಾಪ್‌ಶಾಟುಗಳೂ ಊದಿಕೊಳ್ಳುತ್ತವೆ. ಸ್ನ್ಯಾಪರ್ ಹಳೆಯವನ್ನು ತಾನೇ ಅಳಿಸುತ್ತಾ ಬರುತ್ತದೆ, ಡಿಸ್ಕಿನ ಅರ್ಧಕ್ಕಿಂತ ಹೆಚ್ಚನ್ನು ಹಿಡಿಯದಂತೆ ಮಿತಿಯೂ ಇರುತ್ತದೆ. ಆದರೂ ಸಣ್ಣ ಎಸ್‌ಎಸ್‌ಡಿಯಲ್ಲಿ ಎಚ್ಚರ ಬೇಕು. ಬಿಟಿಆರ್‌ಎಫ್‌ಎಸ್‌ನಲ್ಲಿ ಡಿಎಫ್ ಆದೇಶ ತೋರಿಸುವ ಖಾಲಿ ಜಾಗವನ್ನು ಪೂರ್ತಿ ನಂಬಬಾರದು, ಬಿಟಿಆರ್‌ಎಫ್‌ಎಸ್‌ನ ಸ್ವಂತ ಯೂಸೇಜ್ ಆದೇಶವನ್ನೇ ಕೇಳಬೇಕು.

ಟೈಮ್‌ಶಿಫ್ಟ್‌ಗೆ ಒಂದು ದೊಡ್ಡ ಅಂಕ ಸಲ್ಲಬೇಕು. ಮೂರರಲ್ಲಿ ಅದೊಂದೇ ತನ್ನ ನಕಲುಗಳನ್ನು ನೇರವಾಗಿ ಹೊರಗಿನ ಡಿಸ್ಕಿನಲ್ಲಿ ಇಡಬಲ್ಲದು, ಆ ಡಿಸ್ಕು ಎಕ್ಸ್‌ಟಿ4ನಂಥ ಲಿನಕ್ಸ್ ರೂಪದಲ್ಲಿ ಇರಬೇಕು ಅಷ್ಟೇ. ಸ್ನ್ಯಾಪರ್‌ನ ಸ್ನ್ಯಾಪ್‌ಶಾಟುಗಳೂ ಸಿಲ್ವರ್‌ಬ್ಲೂನ ಹಳೆಯ ಆವೃತ್ತಿಯೂ ಅದೇ ಎಸ್‌ಎಸ್‌ಡಿಯ ಮೇಲಿರುತ್ತವೆ. ಎಸ್‌ಎಸ್‌ಡಿ ಸತ್ತರೆ ಅವೂ ಅದರ ಜತೆಗೇ ಹೋಗುತ್ತವೆ. ನಿಮ್ಮ ಫೋಟೋ, ಬರಹಗಳ ಬ್ಯಾಕಪ್ ಇದಾವುದರಲ್ಲೂ ಇಲ್ಲ ಎಂಬುದನ್ನು ನಾನು ಪ್ರತಿಯೊಬ್ಬರಿಗೂ ಒತ್ತಿ ಹೇಳುತ್ತೇನೆ. ಅದಕ್ಕಾಗಿ ಮೂರೂ ಯಂತ್ರಗಳಲ್ಲಿ ದೇಜಾ ಡುಪ್ ಎಂಬ ಬ್ಯಾಕಪ್ ತಂತ್ರಾಂಶ ಹಾಕಿ, ವಾರಕ್ಕೊಮ್ಮೆ ಹೊರಗಿನ ಡಿಸ್ಕಿಗೆ ನಕಲಾಗುವಂತೆ ಮಾಡಿದ್ದೇನೆ.

ಈಗ ಹಂಚಿಕೆ ಹೀಗಿದೆ. ನನ್ನ ಕೆಲಸದ ಯಂತ್ರದಲ್ಲಿ ಟಂಬಲ್‌ವೀಡ್ ಉಳಿಸಿಕೊಂಡೆ. ಮನೆಯಲ್ಲಿ ಫೈಬರ್ ಸಂಪರ್ಕವಿದೆ, ಟರ್ಮಿನಲ್ ನನಗೆ ಹೊಸದಲ್ಲ, ಯಾವುದೇ ಬದಲಾವಣೆಯ ಹಿಂದುಮುಂದನ್ನು ಹೋಲಿಸಿ ನೋಡುವ ಸೌಲಭ್ಯ ಬೇರೆಲ್ಲೂ ಇಷ್ಟು ಚೆನ್ನಾಗಿಲ್ಲ. ಅಕ್ಕನ ಮಗ ಹಾಸ್ಟೆಲಿನ ಹಾಟ್‌ಸ್ಪಾಟಿನಲ್ಲಿ ಇರುವವನು, ಅವನಿಗೆ ಮಿಂಟ್, ದಿನಕ್ಕೊಂದು ಟೈಮ್‌ಶಿಫ್ಟ್, ಬ್ಯಾಗಿನಲ್ಲಿ ಒಂದು ಲೈವ್ ಪೆನ್‌ಡ್ರೈವ್. ಅತ್ತಿಗೆಯ ಲ್ಯಾಪ್‌ಟಾಪಿಗೆ ಸಿಲ್ವರ್‌ಬ್ಲೂ. ಅವರ ಪ್ರಿಂಟರ್ ಡ್ರೈವರ್ ಇಲ್ಲದೆಯೇ ನಡೆಯುವ ಮಾದರಿ, ಹಾಗಾಗಿ ಪದರ ಸೇರಿಸುವ ಗೋಜೂ ಬರಲಿಲ್ಲ. ಚೆನ್ನಾಗಿ ನಡೆಯುತ್ತಿರುವ ಆವೃತ್ತಿಯೊಂದನ್ನು ಪಿನ್ ಮಾಡಿಟ್ಟಿದ್ದೇನೆ. ಎಷ್ಟು ಅಪ್‌ಡೇಟ್ ಬಂದರೂ ಅದು ಮೆನುವಿನಿಂದ ಅಳಿಯುವುದಿಲ್ಲ.