ಸಹಿ ಹಾಕುವ ಮುಂಚೆ ಚಕ್ರ ನೋಡಿ, ನನ್ನ ಹಾಗೆ ಮೋಸ ಹೋಗಬೇಡಿ

ಕಾರಿಗೆ ಕಂಪನಿಯದ್ದಲ್ಲದ, ಹೊರಗೆ ಕೊಂಡ ಅಲಾಯ್ ವೀಲ್ (ಮಿಶ್ರಲೋಹದ ಚಕ್ರ) ಹಾಕಿಸಿಕೊಂಡು ಶೋರೂಮ್‌ಗೆ ಸರ್ವೀಸ್‌ಗೆ ಬಿಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಗಾಡಿ ವಾಪಸ್ ಕೊಡುವಾಗ ನಾಲ್ಕೂ ಚಕ್ರದ ಮುಂದೆ ಕೂತು ನೋಡುವ ತನಕ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ನಾನು ಹಾಕಿದೆ. ಆ ಒಂದು ಸಹಿಗೆ ಎರಡು ತಿಂಗಳು ಅಲೆದೆ, ಇನ್ನೂ ಮುಗಿದಿಲ್ಲ.

ನನ್ನವು ಆರ್ಡರ್ ಕೊಟ್ಟು ಮಾಡಿಸಿದ 18 ಇಂಚಿನ ಚಕ್ರಗಳು. ಕಂಚಿನ ಬಣ್ಣ, ಅಂಚಿನಲ್ಲಿ ಮಾತ್ರ ಲೇತ್‌ಗೆ ಹಾಕಿ ತೆಗೆದ ಹೊಳಪು, ಡೈಮಂಡ್ ಕಟ್ ಅಂತಾರಲ್ಲ, ಅದು. ಬಣ್ಣ ನಾನೇ ಆರಿಸಿದ್ದು. ಕೈಗೆ ಬರಲು ತಿಂಗಳುಗಟ್ಟಲೆ ಕಾದಿದ್ದೆ. ಇವುಗಳಲ್ಲಿ ನಟ್ ಕೂರುವ ತೂತು ಕಿರಿದು. ನಟ್ ಬಿಚ್ಚುವ ಮಾಮೂಲಿ ದಪ್ಪ ಸಾಕೆಟ್ ಒಳಗೆ ಹೋಗಲ್ಲ, ಬಲವಂತವಾಗಿ ತುರುಕಿದರೆ ಸುತ್ತಲಿನ ಪೇಂಟ್ ಕೆರೆದುಕೊಂಡೇ ಹೋಗುತ್ತದೆ. ಅದಕ್ಕೆ ಅಂತಲೇ ತೆಳ್ಳಗಿನ ಸಾಕೆಟ್ ಬೇರೆ ಇದೆ. ಅದನ್ನು ಚಿಕ್ಕ ಬಟ್ಟೆ ಚೀಲದಲ್ಲಿ ಹಾಕಿ, ಬಾಯಿಗೆ ದಾರ ಕಟ್ಟಿ, ಡಿಕ್ಕಿಯಲ್ಲೇ ಇಟ್ಟಿರುತ್ತೇನೆ.

ಕಾರು ಬಿಟ್ಟಿದ್ದು ಬ್ರೇಕ್ ಪ್ಯಾಡ್ ಬದಲಿಸಲು, ಜೊತೆಗೆ ಟೈರ್ ರೊಟೇಷನ್ (ಚಕ್ರಗಳ ಜಾಗ ಅದಲು ಬದಲು ಮಾಡುವುದು) ಮತ್ತು ವೀಲ್ ಬ್ಯಾಲೆನ್ಸಿಂಗ್ (ಚಕ್ರ ಅದುರದ ಹಾಗೆ ಚಿಕ್ಕ ತೂಕದ ತುಂಡು, ಅಂದರೆ ವೇಟ್, ಕೂರಿಸುವುದು). ಅಂದರೆ ನಾಲ್ಕೂ ಚಕ್ರ ಬಿಚ್ಚಲೇಬೇಕು. ಸರ್ವೀಸ್ ಅಡ್ವೈಸರ್‌ನನ್ನು ಡಿಕ್ಕಿ ಹತ್ತಿರ ಕರೆದು ಚೀಲ ತೋರಿಸಿ ಹೇಳಿದೆ. ಈ ಸಾಕೆಟ್‌ನಲ್ಲೇ ಬಿಚ್ಚಿ, ಗಾಳಿ ಒತ್ತಡದಲ್ಲಿ ನಟ್ ತಿರುಗಿಸುವ ಏರ್ ಗನ್ ಹಾಕಬೇಡಿ, ವಾಪಸ್ ಹಾಕುವಾಗ ಎಷ್ಟು ಬೇಕೋ ಅಷ್ಟೇ ಬಿಗಿ ಮಾಡಲು ಬರುವ ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿ, ಬ್ಯಾಲೆನ್ಸಿಂಗ್‌ಗೆ ಒಳಗಡೆ ಅಂಟಿಸುವ ವೇಟ್ ಮಾತ್ರ, ಅಂಚಿಗೆ ಸುತ್ತಿಗೆಯಲ್ಲಿ ಬಡಿದು ಕೂರಿಸುವ ಕ್ಲಿಪ್ ವೇಟ್ ಬೇಡವೇ ಬೇಡ. ಎರಡು ಸಲ ಹೇಳಿದೆ.

"ಸರ್, ನೀವು ಟೆನ್ಷನ್ ತಗೋಬೇಡಿ. ಇಂಥ ಗಾಡಿ ದಿನಾ ನೋಡ್ತೀವಿ. ಎಲ್ಲಾ ಜಾಬ್ ಕಾರ್ಡ್‌ನಲ್ಲಿ ಬರ್ಕೊಂಡಿದ್ದೀನಿ" ಅಂದ.

ಜಾಬ್ ಕಾರ್ಡ್ ಅಂದರೆ ಗಾಡಿಗೆ ಮಾಡಬೇಕಾದ ಕೆಲಸ ಬರೆದುಕೊಳ್ಳುವ ಹಾಳೆ. ಅದರಲ್ಲಿ ಬರೆದುಕೊಂಡಿರಲಿಲ್ಲ. ನಾನೂ ಓದಿ ನೋಡಲಿಲ್ಲ.

ಗಾಡಿ ಕೊಟ್ಟಿದ್ದು ಕತ್ತಲಾದ ಮೇಲೆ. ಮೊದಲು ಕೌಂಟರ್‌ನಲ್ಲಿ ಕೂರಿಸಿ ಬಿಲ್ ಕಟ್ಟಿಸಿಕೊಂಡರು. ಆಮೇಲೆ ಮೂರು ಹಾಳೆ ಮುಂದಿಟ್ಟು "ಇಲ್ಲೊಂದು ಸೈನ್ ಸರ್, ಇಲ್ಲೊಂದು, ಗೇಟ್ ಪಾಸ್‌ಗೆ ಇದೊಂದು" ಅಂತ ಬೆರಳಿಟ್ಟು ತೋರಿಸುತ್ತಾ ಹೋದರು. ಅದರಲ್ಲಿ ಒಂದು ಹಾಳೆಯ ಕೆಳಗೆ, ಗಾಡಿಯನ್ನು ಪರೀಕ್ಷಿಸಿ ತೃಪ್ತಿಯಿಂದ ಪಡೆದಿದ್ದೇನೆ ಅಂತ ಸಣ್ಣ ಅಕ್ಷರದಲ್ಲಿ ಇತ್ತು. ಗಾಡಿಯನ್ನು ಆಗ ನಾನು ನೋಡಿಯೇ ಇರಲಿಲ್ಲ! ಹೊರಗೆ ಬಂದಾಗ ತೊಳೆದು ನಿಲ್ಲಿಸಿದ್ದರು, ಮೈಯೆಲ್ಲ ನೀರು, ಟೈರ್‌ಗೆ ಕಪ್ಪು ಪಾಲಿಶ್. ಒದ್ದೆ ಪೇಂಟ್ ಮೇಲೆ, ಅದೂ ಟ್ಯೂಬ್‌ಲೈಟ್ ಬೆಳಕಲ್ಲಿ, ಗೀರು ಕಾಣುವುದಿಲ್ಲ. ಥ್ಯಾಂಕ್ಸ್ ಹೇಳಿ ಬಂದೆ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಮರುದಿನ ಬೆಳಗ್ಗೆ ಟೈರ್ ತಣ್ಣಗಿದ್ದಾಗ ಗಾಳಿ ನೋಡೋಣ ಅಂತ ಮುಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತೆ. ನಟ್ ತೂತಿನ ಸುತ್ತ ಬೆಳ್ಳಗೆ ಏನೋ ಕಂಡಿತು. ಸೋಪಿನ ನೊರೆ ಒಣಗಿದೆ ಅಂದುಕೊಂಡು ಬೆರಳು ಹಾಕಿ ಒರೆಸಿದೆ. ಬೆರಳಿಗೆ ಕಂಚಿನ ಬಣ್ಣದ ಪೇಂಟ್ ಚಕ್ಕೆ ಅಂಟಿಕೊಂಡು ಬಂತು. ತೂತಿನ ಒಳಗೋಡೆಯ ಉದ್ದಕ್ಕೂ ಬಳೆ ಬಳೆಯಾಗಿ ಕೆರೆದು ಬರೀ ಲೋಹ ಕಾಣುತ್ತಿತ್ತು. ಪಕ್ಕದ ತೂತು ನೋಡಿದೆ, ಹಾಗೇ. ಅದರ ಪಕ್ಕದ್ದೂ ಹಾಗೇ. ಒಂದು ಚಕ್ರಕ್ಕೆ 5 ತೂತು, ನಾಲ್ಕು ಚಕ್ರಕ್ಕೆ 20. ಇಪ್ಪತ್ತಕ್ಕೆ ಇಪ್ಪತ್ತೂ ಹಾಳು. ಎರಡು ಚಕ್ರದ ಹೊಳಪಿನ ಅಂಚಿಗೆ ಬೇಡ ಅಂದಿದ್ದ ಅದೇ ಕ್ಲಿಪ್ ವೇಟ್ ಬಡಿದಿದ್ದರು, ಸುತ್ತಿಗೆ ಏಟಿಗೆ ಮೇಲಿನ ಲ್ಯಾಕರ್ (ಹೊಳಪು ಕಾಯುವ ಪಾರದರ್ಶಕ ಪದರ) ಬಿರುಕು ಬಿಟ್ಟಿತ್ತು. ಆ ಬಿರುಕಲ್ಲಿ ನೀರು ಇಳಿದರೆ ಒಳಗಿಂದ ಬೆಳ್ಳಗೆ ತಿನ್ನುತ್ತಾ ಹೋಗುತ್ತದೆ, ಡೈಮಂಡ್ ಕಟ್ ಇಟ್ಟುಕೊಂಡವರಿಗೆ ಗೊತ್ತು.

ಡಿಕ್ಕಿ ತೆಗೆದೆ. ಚೀಲ ಇಟ್ಟ ಜಾಗದಲ್ಲೇ ಇತ್ತು. ನಾನು ಕಟ್ಟಿದ ಗಂಟು ನಾನು ಕಟ್ಟಿದ ಹಾಗೇ ಇತ್ತು. ಒಬ್ಬರೂ ಬಿಚ್ಚಿಯೇ ಇಲ್ಲ. ಆ ಚೀಲ ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಸುಮ್ನೆ ನಿಂತಿದ್ದೆನೋ. ಎರಡು ಸಲ ಹೇಳಿದ್ದೆ, ತಲೆಯಾಡಿಸಿದ್ದ, ಬರ್ಕೊಂಡಿದ್ದೀನಿ ಅಂದಿದ್ದ.

ಫೋನ್ ಮಾಡಿದೆ. ಮೊದಲ ಉತ್ತರ: "ಫುಟ್‌ಪಾತ್‌ಗೆ ಉಜ್ಜಿರಬೇಕು ನೋಡಿ ಸರ್." ಸ್ವಾಮಿ, ಫುಟ್‌ಪಾತ್ ಕಲ್ಲು ಉಜ್ಜಿದರೆ ಚಕ್ರದ ಹೊರ ಅಂಚಲ್ಲಿ ಉದ್ದಕ್ಕೆ ಗೀರು ಬೀಳುತ್ತದೆ, ಪಕ್ಕದ ಟೈರ್ ಕೂಡ ಸವೆಯುತ್ತದೆ. ನಟ್ ತೂತಿನ ಒಳಗೆ ಯಾವ ಕಲ್ಲು ಹೋಗುತ್ತದೆ? ಅದೂ ಇಪ್ಪತ್ತು ತೂತಿಗೂ ಒಂದೇ ಆಳಕ್ಕೆ? ಇದನ್ನು ಹೇಳಿದರೆ ಆ ಕಡೆಯಿಂದ "ಗಾಡಿ ತಗೊಂಡು ಬನ್ನಿ ಸರ್, ನೋಡೋಣ" ಅಷ್ಟೇ.

ಹೋದೆ. ವರ್ಕ್ಸ್ ಮ್ಯಾನೇಜರ್ ಬಂದರು. ಚಕ್ರದ ಕಡೆ ಬಗ್ಗಿ ನೋಡಲೇ ಇಲ್ಲ, ನಿಂತಲ್ಲಿಂದಲೇ ಮಾತು. "ಇಷ್ಟು ತೆಳು ಟೈರ್ ಹಾಕಿದ್ರೆ ರಿಮ್‌ಗೆ ಏಟು ಬಿದ್ದೇ ಬೀಳುತ್ತೆ." ಆಮೇಲೆ "ಇದು ಕಂಪನಿ ವೀಲ್ ಅಲ್ಲ, ಹೊರಗಿನ ಪಾರ್ಟ್‌ಗೆ ನಮ್ಮ ಜವಾಬ್ದಾರಿ ಇಲ್ಲ." ಕೊನೆಗೆ ನನ್ನ ಸಹಿ ಇದ್ದ ಹಾಳೆ ತಂದು ಮುಂದಿಟ್ಟರು. "ನೀವೇ ನೋಡಿ ತಗೊಂಡಿದ್ದೀರಲ್ಲ ಸರ್." ಸುತ್ತ ನಾಲ್ಕೈದು ಜನ ಗಿರಾಕಿಗಳು ಕೂತಿದ್ದರು. ನಾನೇ ಹಾಳು ಮಾಡಿಕೊಂಡು ದುಡ್ಡು ಕೀಳಲು ಬಂದವನ ಹಾಗೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಅವತ್ತು ಆದ ಅವಮಾನ ಮರೆಯಲು ಆಗುತ್ತಿಲ್ಲ.

ಹೊರಗಿನ ಪಾರ್ಟ್ ಅಂತೆ. ಹೊರಗಿನದ್ದು ಅಂತ ವಾರಂಟಿ ಕೊಡದಿದ್ದರೆ ಒಪ್ಪಬಹುದು. ಆದರೆ ಅವರ ಕೈಯಲ್ಲಿದ್ದಾಗ ಅವರೇ ಹಾಳು ಮಾಡಿದ್ದಕ್ಕೂ ವಾರಂಟಿಗೂ ಏನು ಸಂಬಂಧ?

ಕ್ಯಾಮೆರಾ ರೆಕಾರ್ಡಿಂಗ್ ಕೇಳಿದೆ. "ಆ ಬೇನಲ್ಲಿ ಕ್ಯಾಮೆರಾ ಇಲ್ಲ" ಅಂದರು, ಬೇ ಅಂದರೆ ಗಾಡಿ ನಿಲ್ಲಿಸಿ ಕೆಲಸ ಮಾಡುವ ಜಾಗ. ಹತ್ತು ದಿನ ಬಿಟ್ಟು ಬರವಣಿಗೆಯಲ್ಲಿ ಕೇಳಿದರೆ "ಹಳೆಯ ರೆಕಾರ್ಡಿಂಗ್ ಅಳಿಸಿಹೋಗಿದೆ" ಅಂತ ಇಮೇಲ್ ಬಂತು. ಇಲ್ಲದ ಕ್ಯಾಮೆರಾದ ರೆಕಾರ್ಡಿಂಗ್ ಹೇಗೆ ಅಳಿಸಿಹೋಯಿತು?

ನನ್ನನ್ನು ಉಳಿಸಿದ್ದು ಅವರದ್ದೇ ಜಾಬ್ ಕಾರ್ಡ್. ಗಾಡಿ ಒಳಗೆ ತೆಗೆದುಕೊಳ್ಳುವಾಗ ಸುತ್ತ ಒಂದು ರೌಂಡ್ ಹೊಡೆದು ಕಾರಿನ ಚಿತ್ರದ ಮೇಲೆ ಗುರುತು ಹಾಕುತ್ತಾರಲ್ವಾ, ಆ ಹಾಳೆ. ಹಿಂದಿನ ಬಂಪರ್‌ನಲ್ಲಿ ಉಗುರಿನಷ್ಟು ಗೀರು ಇತ್ತು, ಅದಕ್ಕೂ ಒಂದು ಅಡ್ಡಗೆರೆ ಎಳೆದಿದ್ದರು. ಬಾಗಿಲ ಹಿಡಿ ಕೆಳಗಿನ ಚುಕ್ಕೆಗೂ ಗುರುತು. ನಾಲ್ಕು ಚಕ್ರದ ಮೇಲೆ? ಏನೂ ಇಲ್ಲ, ಖಾಲಿ. ಉಗುರಿನಷ್ಟು ಗೀರು ಕಂಡವರಿಗೆ ಇಪ್ಪತ್ತು ತೂತು ಕಾಣಲಿಲ್ಲವೇ? ಬಂದಾಗ ಇರಲಿಲ್ಲ ಅಂತ ಅವರ ಪೆನ್ನೇ ಹೇಳುತ್ತಿತ್ತು.

ಅಲ್ಲಿಂದ ಮುಂದೆ ಫೋನ್ ಮಾತು ನಿಲ್ಲಿಸಿದೆ. ಎಲ್ಲವೂ ಇಮೇಲ್‌ನಲ್ಲೇ. ಜಾಬ್ ಕಾರ್ಡ್ ಫೋಟೋ, ಚಕ್ರದ ಫೋಟೋ, ಅಂಚಿಗೆ ಬಡಿದ ವೇಟ್‌ಗಳ ಫೋಟೋ (ಅವನ್ನು ಕಿತ್ತು ಹಾಕಬೇಡಿ, ಹಾಗೇ ಬಿಡಿ, ಅವೇ ಸಾಕ್ಷಿ). ಚಕ್ರ ರಿಪೇರಿ ಮಾತ್ರ ಮಾಡುವ ಬೇರೆ ಅಂಗಡಿಯವರಿಗೆ ತೋರಿಸಿ, ಇದು ದಪ್ಪ ಸಾಕೆಟ್ ತುರುಕಿ ಆದ ಗಾಯ ಅಂತ ಅವರ ಲೆಟರ್‌ಹೆಡ್‌ನಲ್ಲಿ ಬರೆಸಿಕೊಂಡೆ. ಅವರು ಒಂದು ನಟ್ ಬಿಚ್ಚಲು ರೆಂಚ್‌ಗೆ ಉದ್ದ ಪೈಪ್ ಸಿಕ್ಕಿಸಿ ಮೈ ಭಾರ ಹಾಕಬೇಕಾಯಿತು, ಅಷ್ಟು ಬಿಗಿ ಹೊಡೆದಿದ್ದರು ಗನ್‌ನಲ್ಲಿ. ಅದನ್ನೂ ಬರೆಸಿದೆ.

ಉತ್ತರದ ಧಾಟಿ ಬದಲಾಯಿತು. ಮೊದಲು "ಟಚ್ ಅಪ್ ಮಾಡಿಕೊಡ್ತೀವಿ" ಅಂದರು. ಬೇಡ ಅಂದೆ. "ಮುಂದಿನ ಸರ್ವೀಸ್ ಫ್ರೀ" ಅಂತ ಮೂಗಿಗೆ ತುಪ್ಪ ಸವರಿದರು. ಮತ್ತೆ ಅವರ ಕೈಗೇ ಗಾಡಿ ಕೊಡಬೇಕಾ? ಆಮೇಲೆ "ಅಂಚು ಹಾಳಾದ ಎರಡು ಚಕ್ರಕ್ಕೆ ಮಾತ್ರ". ಎರಡಕ್ಕೆ ಮಾತ್ರ ಹೊಸ ಪೇಂಟ್ ಹೊಡೆದರೆ ಉಳಿದೆರಡರ ಬಣ್ಣಕ್ಕೆ ಹೊಂದುವುದಿಲ್ಲ, ತೂತುಗಳಂತೂ ನಾಲ್ಕರಲ್ಲೂ ಹೋಗಿವೆ. ಪಟ್ಟು ಬಿಡಲಿಲ್ಲ. ಕೊನೆಗೆ ನಾಲ್ಕೂ ಚಕ್ರದ ರಿಪೇರಿ ಖರ್ಚು ಕೊಡುತ್ತೇವೆ ಅಂತ ಒಪ್ಪಿದರು. ಹೊಸ ಚಕ್ರ ಕೇಳಿದ್ದೆ, ಅದಕ್ಕೆ ಒಪ್ಪಲಿಲ್ಲ. ಲೇತ್‌ಗೆ ಹಾಕಿದಾಗಲೆಲ್ಲ ಅಂಚಿನ ಲೋಹ ಸ್ವಲ್ಪ ಸ್ವಲ್ಪ ಹೋಗುತ್ತದೆ, ಪದೇ ಪದೇ ಮಾಡಲು ಆಗಲ್ಲ. ಅಂದರೆ ನನ್ನ ಚಕ್ರದ ಆಯಸ್ಸು ಅವರಿಂದ ಕಡಿಮೆಯಾಯಿತು, ಅದಕ್ಕೆ ಯಾರೂ ದುಡ್ಡು ಕೊಡಲ್ಲ.

ಒಪ್ಪಂದದ ಕಾಗದದಲ್ಲಿ ಇನ್ನೊಂದು ಆಟ. ಈ ವಿಷಯವನ್ನು ಯಾರಿಗೂ ಹೇಳುವುದಿಲ್ಲ ಅಂತ ಮೂರನೇ ಪ್ಯಾರಾದಲ್ಲಿ ಸೇರಿಸಿದ್ದರು. ಈ ಸಲ ಓದಿದೆ. ಆ ಸಾಲು ಹೊಡೆದು ಹಾಕಿ, ಪಕ್ಕದಲ್ಲಿ ಅವರ ಸಹಿಯನ್ನೂ ಹಾಕಿಸಿಕೊಂಡು, ಆಮೇಲೆ ನನ್ನ ಸಹಿ ಹಾಕಿದೆ. ಇಲ್ಲದಿದ್ದರೆ ಇದನ್ನು ಬರೆಯಲು ಆಗುತ್ತಿರಲಿಲ್ಲ.

ಹಾಗಾಗಿ ಬಿಡುವಾಗಲೇ ಪ್ರತಿ ಚಕ್ರದ ಹತ್ತಿರದ ಫೋಟೋ ತೆಗೆಯಿರಿ, ನಟ್ ತೂತಿನ ಒಳಗೂ. ನೀವು ಹೇಳಿದ್ದನ್ನೆಲ್ಲ ಜಾಬ್ ಕಾರ್ಡ್‌ನಲ್ಲಿ ಬರೆಸಿ, ನಿಂತು ಓದಿ. ಸಾಧ್ಯವಾದರೆ ಕಂಪನಿ ಚಕ್ರ ಹಾಕಿಕೊಂಡೇ ಹೋಗಿ. ತರುವಾಗ ಬೆಳಕಿರುವಾಗಲೇ ಹೋಗಿ, ಒದ್ದೆ ಇದ್ದರೆ ಒರೆಸಿ ಅನ್ನಿ. "ಲೇಟಾಗುತ್ತೆ ಸರ್" ಅಂತಾರೆ, ಆಗಲಿ ಬಿಡಿ.

ಒಪ್ಪಿ ಇವತ್ತಿಗೆ 19 ದಿನ. "ಅಕೌಂಟ್ಸ್‌ನಲ್ಲಿದೆ ಸರ್" ಅನ್ನುತ್ತಿದ್ದಾರೆ. ರಿಪೇರಿ ಅಂಗಡಿಗೆ ಅಡ್ವಾನ್ಸ್ ಹೋಗಿಲ್ಲ, ಅವರು ಕೆಲಸ ಶುರು ಮಾಡಿಲ್ಲ. ಕಾರು ಹಳೆಯ ಕಂಪನಿ ಚಕ್ರದ ಮೇಲೆ ಓಡುತ್ತಿದೆ. ನನ್ನ ನಾಲ್ಕು ಚಕ್ರಗಳು ಹಳೆಯ ಬೆಡ್‌ಶೀಟ್ ಸುತ್ತಿಕೊಂಡು ಮಂಚದ ಪಕ್ಕ ಬಿದ್ದಿವೆ.