ಯಂತ್ರ ಓಡಿದ್ದು ಗೊತ್ತಾಗುತ್ತೆ, ತೊಗರಿ ಕೂತಿದ್ದು ಗೊತ್ತಾಗಲ್ಲ: ದಾಲ್ ಮಿಲ್‌ಗೆ ಹಾಕಿಸಿದ ಸ್ಮಾರ್ಟ್ ಕಿಟ್‌ನ ವಿಮರ್ಶೆ

ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಮಧ್ಯಮ ಗಾತ್ರದ ದಾಲ್ ಮಿಲ್ ಇದೆ. ಅಪ್ಪ ಶುರು ಮಾಡಿದ್ದು. ಈಗ ಕಾಕಾ ಮತ್ತು ನಾನು ನಡೆಸುತ್ತೇವೆ. ಖರೀದಿ, ಮಾರಾಟ, ಎಪಿಎಂಸಿ ಓಡಾಟ ಕಾಕಾ ನೋಡಿಕೊಳ್ಳುತ್ತಾರೆ. ಯಂತ್ರ, ಜನ, ಕರೆಂಟ್ ಬಿಲ್ಲು ನನ್ನ ಪಾಲಿಗೆ. ಹೋದ ಸೀಸನ್ ಶುರುವಾಗುವ ಮುಂಚೆ ಆರು ಯಂತ್ರಗಳಿಗೆ, ಯಂತ್ರ ಓಡಿದ್ದು ನಿಂತಿದ್ದು ಫೋನಿಗೆ ತಿಳಿಸುವ ಸ್ಮಾರ್ಟ್ ಫ್ಯಾಕ್ಟರಿ ಕಿಟ್ ಹಾಕಿಸಿದೆವು. ಅಕ್ಕಪಕ್ಕದ ಮಿಲ್‌ನವರು ಹೆಂಗಿದೆ, ತಗೊಳ್ಳೋಣವಾ ಅಂತ ಕೇಳುತ್ತಲೇ ಇದ್ದಾರೆ. ಅವರಿಗೆಲ್ಲ ಸೇರಿಸಿ ಇಲ್ಲೇ ಬರೆದುಬಿಡುತ್ತೇನೆ. ಕಂಪನಿಯ ಹೆಸರು ಹಾಕುವುದಿಲ್ಲ. ಇಂಥ ಕಿಟ್‌ಗಳನ್ನು ಈಗ ಸುಮಾರು ಜನ ಮಾರುತ್ತಾರೆ, ಒಳಗಿನ ಸಾಮಾನು ಹೆಚ್ಚು ಕಡಿಮೆ ಒಂದೇ.

ಏನೇನು ಬರುತ್ತದೆ ಅಂದರೆ: ಪ್ರತಿ ಮೋಟಾರಿನ ಒಂದು ಫೇಸ್ ವೈರಿಗೆ ಕಚ್ಚಿಸಿ ಕರೆಂಟ್ ಅಳೆಯುವ ಸಿ.ಟಿ. ಕ್ಲಾಂಪ್, ಗೋಡೆಗೆ ಹೊಡೆಯುವ ಒಂದು ಪೆಟ್ಟಿಗೆ, ಅದರೊಳಗೆ 4ಜಿ ಸಿಮ್, ಆಪರೇಟರ್‌ಗೆ ಒಂದು ಟ್ಯಾಬ್, ಕೆಂಪು ಹಳದಿ ಹಸಿರು ದೀಪದ ಕಂಬ, ಮತ್ತೆ ಫೋನಿನಲ್ಲಿ ಆ್ಯಪ್. ಯಂತ್ರದ ವೈರಿಂಗ್ ಎಲ್ಲೂ ಕತ್ತರಿಸಬೇಕಿಲ್ಲ. ನಮಗೆ ಒಂದೂವರೆ ಲಕ್ಷದ ಹತ್ತಿರ ಬಿತ್ತು, ಜಿಎಸ್‌ಟಿ ಬೇರೆ. ಅದರ ಮೇಲೆ ಯಂತ್ರಕ್ಕಿಷ್ಟು ಅಂತ ತಿಂಗಳ ಬಾಡಿಗೆ. ಕೂರಿಸಲು ಬಂದ ಹುಡುಗರು ಅಚ್ಚುಕಟ್ಟಾಗಿ ಕೆಲಸ ಮಾಡಿದರು. ನಡುವೆ ನೆಟ್ ಹೋದರೆ ಪೆಟ್ಟಿಗೆ ಲೆಕ್ಕ ಇಟ್ಟುಕೊಂಡು ಆಮೇಲೆ ಕಳಿಸುತ್ತದೆ. ಅಲ್ಲಿಯವರೆಗೆ ದೂರಿಲ್ಲ.

ಮಾರಲು ಬಂದವರು ಹೇಳಿದ್ದು ಒಂದೇ ಮಾತು. "ಮೇಡಂ, ಇದು ಹಾಕಿಸಿದರೆ ನಿಮ್ಮ ಮಿಲ್ ಲೀನ್ ಆಗುತ್ತೆ." ಈ ಮಾತನ್ನು ನಂಬಿ ಯಾರೂ ದುಡ್ಡು ಹಾಕಬೇಡಿ. ಲೀನ್ ಅಂದರೆ ಪೋಲು ಕಡಿಮೆ ಮಾಡಿ ಕೆಲಸ ಸರಾಗವಾಗಿ ಹರಿಯುವಂತೆ ನೋಡಿಕೊಳ್ಳುವ ಪದ್ಧತಿ. ಅದು ಬೇರೆ, ಈ ಪೆಟ್ಟಿಗೆ ಬೇರೆ. ಒಂದಕ್ಕೊಂದು ಸಹಾಯ ಮಾಡುತ್ತವೆ, ಕೆಲವು ಸಲ ಒಂದಕ್ಕೊಂದು ಅಡ್ಡ ಬರುತ್ತವೆ. ಎರಡನ್ನೂ ನಾವು ಒಂದೇ ಸೀಸನ್‌ನಲ್ಲಿ ನೋಡಿದೆವು.

ಮೊದಲು ಒಳ್ಳೆಯದು. ಚಿಕ್ಕ ಚಿಕ್ಕ ನಿಲುಗಡೆ ಹಿಡಿಯುವುದರಲ್ಲಿ ಇದನ್ನು ಮೀರಿಸಲು ಆಗಲ್ಲ. ಬೆಲ್ಟ್ ಹರಿದು ಅರ್ಧ ದಿನ ಯಂತ್ರ ನಿಂತರೆ ಎಲ್ಲರಿಗೂ ನೆನಪಿರುತ್ತದೆ. ಎರಡು ನಿಮಿಷ, ಮೂರು ನಿಮಿಷ ನಿಂತಿದ್ದನ್ನು ಯಾರೂ ರಿಜಿಸ್ಟರ್‌ನಲ್ಲಿ ಬರೆಯುವುದಿಲ್ಲ. ನಮ್ಮ ಬೇಳೆ ಒಡೆಯುವ ಎಮೆರಿ ರೋಲರ್ ದಿನಕ್ಕೆ ಎಷ್ಟು ಸಲ ಹೀಗೆ ನಿಲ್ಲುತ್ತದೆ ಅಂತ ಗ್ರಾಫ್‌ನಲ್ಲಿ ನೋಡಿದಾಗ ಮಿಸ್ತ್ರಿಯೇ ಬೆರಗಾದರು. ಕಾರಣ ಹುಡುಕಿದರೆ ಯಂತ್ರದಲ್ಲಿ ಏನೂ ಇಲ್ಲ. ಬೇಳೆ ಬೀಳುವ ಬಾಯಿಗೆ ಕಟ್ಟಲು ಖಾಲಿ ಚೀಲ ಇರುತ್ತಿರಲಿಲ್ಲ! ಚೀಲದ ರಾಶಿ ಗೋದಾಮಿನ ಆ ತುದಿಯಲ್ಲಿ. ಹಮಾಲರು ಹೋಗಿ ತರುವವರೆಗೆ ಯಂತ್ರ ನಿಲ್ಲಿಸುವುದು, ತಂದ ಮೇಲೆ ಮತ್ತೆ ಶುರು ಮಾಡುವುದು.

ಇದಕ್ಕೆ ನಾವು ಮಾಡಿದ್ದು ಇಷ್ಟೇ. ಯಂತ್ರದ ಪಕ್ಕ ಒಂದು ಕಬ್ಬಿಣದ ರ‍್ಯಾಕ್ ಇಟ್ಟೆವು, ಅದರ ಮೇಲೆ ಕೆಂಪು ಬಣ್ಣದ ಗೆರೆ ಎಳೆದೆವು. ಚೀಲದ ಅಟ್ಟಿ ಗೆರೆಗೆ ಇಳಿದರೆ ಹೊಸ ಕಟ್ಟು ತರಬೇಕು, ಅಷ್ಟೇ ನಿಯಮ. ಟೊಯೊಟಾ ಕಾರ್ಖಾನೆಯಲ್ಲಿ ತೈಚಿ ಓನೊ ಬೆಳೆಸಿದ ಕಾನ್‌ಬಾನ್ ಪದ್ಧತಿಯ ತಿರುಳು ಇದೇ: ಮುಂದಿನವನಿಗೆ ಬೇಕಾದಾಗ, ಬೇಕಾದಷ್ಟು ಮಾತ್ರ ಹಿಂದಿನವನು ಕೊಡಬೇಕು, ಅದಕ್ಕೆ ಕಣ್ಣಿಗೆ ಕಾಣುವ ಒಂದು ಗುರುತು ಇರಬೇಕು. ರೋಗ ಹಿಡಿದಿದ್ದು ಸೆನ್ಸರ್, ಔಷಧಿ ಒಂದು ಡಬ್ಬಿ ಬಣ್ಣ.

ಕಂಪ್ರೆಸರ್ ಕಥೆಯೂ ಹೀಗೇ. ಕಲರ್ ಸಾರ್ಟರ್ ಕಪ್ಪು ಕಾಳನ್ನು ಗಾಳಿಯಿಂದ ಊದಿ ಹಾರಿಸುತ್ತದೆ, ಅದಕ್ಕೆ ಕಂಪ್ರೆಸರ್ ಬೇಕು. ಊಟದ ಹೊತ್ತಲ್ಲಿ ಸಾರ್ಟರ್ ಆಫ್ ಇರುತ್ತದೆ. ಆದರೂ ಕಂಪ್ರೆಸರ್ ಮತ್ತೆ ಮತ್ತೆ ಲೋಡ್ ತಗೊಳ್ಳುವುದು ಗ್ರಾಫ್‌ನಲ್ಲಿ ಕಂಡಿತು. ಯಾರೂ ಬಳಸದ ಗಾಳಿ ಎಲ್ಲಿಗೆ ಹೋಗುತ್ತದೆ? ಸೋಪಿನ ನೀರು ಹಚ್ಚಿ ನೋಡಿದರೆ ಪೈಪಿನ ಜಾಯಿಂಟ್‌ಗಳಲ್ಲೆಲ್ಲ ಗುಳ್ಳೆ. ಇದೊಂದಕ್ಕೇ ಕಿಟ್‌ಗೆ ಒಂದು ಸ್ಟಾರ್ ಜಾಸ್ತಿ ಕೊಡಬಹುದು.

ಈಗ ತಕರಾರು. ಕಾಳನ್ನು ಮೇಲಕ್ಕೆ ಎತ್ತಿ ಹಾಕುವ ಎಲಿವೇಟರ್‌ಗಳಿಗೆ ಈ ಕ್ಲಾಂಪ್ ಸರಿ ಹೋಗಲ್ಲ. ಇಂಡಕ್ಷನ್ ಮೋಟಾರು ಖಾಲಿ ತಿರುಗಿದರೂ ಸಾಕಷ್ಟು ಆಂಪಿಯರ್ ಎಳೆಯುತ್ತದೆ. ಎಮೆರಿ ರೋಲರ್‌ನಲ್ಲಿ ಖಾಲಿಗೂ ಲೋಡಿಗೂ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಬಕೆಟ್ ಎಲಿವೇಟರ್‌ನ ಸಣ್ಣ ಮೋಟಾರಿನಲ್ಲಿ ಆ ವ್ಯತ್ಯಾಸ ತೀರಾ ಕಡಿಮೆ. ಹಾಗಾಗಿ ಬಕೆಟ್‌ನಲ್ಲಿ ಒಂದು ಕಾಳೂ ಇಲ್ಲದಿದ್ದರೂ ಆ್ಯಪ್ ಹಸಿರು ಬಣ್ಣದಲ್ಲಿ "ಓಡುತ್ತಿದೆ" ಅಂತ ತೋರಿಸುತ್ತದೆ. ಕಾಕಾ ಇದನ್ನು ನೋಡಿ ಹೇಳಿದ್ದು: "ಅಲ್ಲವಾ, ಮಷೀನ್ ಓಡ್ಲತ್ತದ ಅಂತ ಫೋನ್ ಹೇಳ್ತದ. ಒಳಗ ತೊಗರಿ ಅದನೋ ಇಲ್ಲೋ ಅದಕ್ಕ ಹ್ಯಾಂಗ ಗೊತ್ತಾಗಬೇಕು? ಜೋಳ ಇಲ್ಲದ ಬೀಸೋಕಲ್ಲು ಎಷ್ಟು ತಿರುಗಿದ್ರ ಏನು?" ಕಂಪನಿಯವರಿಗೆ ಫೋನ್ ಮಾಡಿದಾಗ ಕೆಪ್ಯಾಸಿಟಿವ್ ಸೆನ್ಸರ್ ಹಾಕಿಸಿ ಅಂದರು. ಅದು ಕಾಳು ಎದುರಿಗೆ ಬಂದರೆ ಗುರುತು ಹಿಡಿಯುತ್ತದೆ, ಕೆಲಸ ಸರಿಯಾಗಿ ಮಾಡುತ್ತದೆ. ಆದರೆ ಬೆಲೆ ಬೇರೆ. ಧಾನ್ಯದ ಮಿಲ್‌ಗೆ ಮಾರುವಾಗಲೇ ಇದನ್ನು ಹೇಳಬೇಕಿತ್ತು, ಅಲ್ವಾ?

ಟ್ಯಾಬ್‌ನ ವಿಷಯ. ಯಂತ್ರ ನಿಂತರೆ ಆಪರೇಟರ್ ಅದರಲ್ಲಿ ಕಾರಣ ಒತ್ತಬೇಕು. ಪಟ್ಟಿ ಇಂಗ್ಲಿಷ್‌ನಲ್ಲಿ ಬಂತು, ಉದ್ದವಾಗಿ ಬಂತು. ಎಲ್ಲರೂ ಕೊನೆಯ "ಇತರೆ" ಒತ್ತಿ ಮುಂದೆ ಹೋಗುತ್ತಿದ್ದರು. ತಿಂಗಳ ವರದಿಯಲ್ಲಿ ಅತಿ ದೊಡ್ಡ ಕಾರಣ "ಇತರೆ"! ಕೇಳಿಕೊಂಡ ಮೇಲೆ ಪಟ್ಟಿ ಬದಲಾಯಿಸಲು ಬಿಟ್ಟರು. ಮಿಸ್ತ್ರಿ ಮತ್ತು ಹಮಾಲರ ಜೊತೆ ಕೂತು ನಮ್ಮ ಮಾತಿನಲ್ಲೇ ಬರೆದೆವು: ಚೀಲ ಇಲ್ಲ, ತೊಗರಿ ಬಂದಿಲ್ಲ, ಕಲ್ಲು ಸಿಕ್ಕಿದೆ, ಬೆಲ್ಟ್ ಜಾರಿದೆ, ಜನ ಇಲ್ಲ. ಅಷ್ಟೇ. ಅವತ್ತಿನಿಂದ ವರದಿಗೆ ಅರ್ಥ ಬಂತು. ಇನ್ನೊಂದು, ನಮ್ಮ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ಆ ಟ್ಯಾಬ್ ಬಿಸಿಯಾಗಿ ತಾನೇ ಆಫ್ ಆಗುತ್ತದೆ. ಮಧ್ಯಾಹ್ನ ಅದನ್ನು ಕೂಲರ್ ಮುಂದೆ ಇಡುತ್ತೇವೆ.

ಈಗ ನಿಜವಾದ ಜಗಳಕ್ಕೆ ಬರುತ್ತೇನೆ. ಈ ಆ್ಯಪ್ ತೆರೆದ ತಕ್ಷಣ ದೊಡ್ಡ ಅಕ್ಷರದಲ್ಲಿ ಕಾಣುವುದು ಓ.ಇ.ಇ. ಅನ್ನುವ ಒಂದು ಅಂಕಿ, ಅಂದರೆ ಯಂತ್ರದಿಂದ ಒಟ್ಟಾರೆ ಎಷ್ಟು ಕೆಲಸ ತೆಗೆದೆವು ಅನ್ನುವ ಲೆಕ್ಕ. ಜಪಾನಿನ ಸೆಯಿಚಿ ನಾಕಾಜಿಮಾ, ಯಂತ್ರಗಳನ್ನು ಎಲ್ಲರೂ ಸೇರಿ ಸುಸ್ಥಿತಿಯಲ್ಲಿಡುವ ಟಿ.ಪಿ.ಎಂ. ಪದ್ಧತಿಯ ಜೊತೆ ಕೊಟ್ಟಿದ್ದು ಅದು. ಹತ್ತು ಗಂಟೆಯ ಶಿಫ್ಟ್‌ನಲ್ಲಿ ಯಂತ್ರ ಎಂಟು ಗಂಟೆ ಓಡಿದರೆ ಶೇ. 80. ಆ ಹೊತ್ತಿನಲ್ಲಿ 100 ಕ್ವಿಂಟಲ್ ಬರಬೇಕಾದಲ್ಲಿ 90 ಬಂದರೆ ಶೇ. 90. ಅದರಲ್ಲಿ ಶೇ. 95 ಒಳ್ಳೆ ಮಾಲಾದರೆ, ಮೂರನ್ನೂ ಗುಣಿಸಿದಾಗ ಶೇ. 68.4. ಶೇ. 85 ಮುಟ್ಟಿದರೆ ಜಗತ್ತಿನ ಮಟ್ಟದ ಕಾರ್ಖಾನೆ ಅನ್ನೋದು ರೂಢಿಯ ಮಾತು. ನಮ್ಮ ಆ್ಯಪ್‌ನಲ್ಲೂ 85ರ ಹತ್ತಿರ ಒಂದು ಹಸಿರು ಗೆರೆ ಇದೆ.

ಕಂಪನಿಯವರು ಈ ಅಂಕಿ ತೋರಿಸಲು ಶೆಡ್‌ನಲ್ಲಿ ಒಂದು ಟಿವಿ ಹಾಕಿಕೊಟ್ಟರು. ಶಿಫ್ಟ್‌ನವರಿಗೆ ಪೈಪೋಟಿ ಹತ್ತಿತು. ರೋಲರ್ ನಿಲ್ಲಿಸದೆ ಓಡಿಸಿದರೆ ಅಂಕಿ ಏರುತ್ತದೆ, ಓಡಿಸಿದರು. ನಮ್ಮ ರೋಲರ್ ಗಂಟೆಗೆ 25 ಕ್ವಿಂಟಲ್ ಕೊಡಬಲ್ಲದು. ಮುಂದಿನ ಕಲರ್ ಸಾರ್ಟರ್ ಗಂಟೆಗೆ 20 ಮಾತ್ರ ತಗೊಳ್ಳುತ್ತದೆ. ಅಂದರೆ ಗಂಟೆಗೆ ಐದು ಕ್ವಿಂಟಲ್ ನಡುವೆ ಕೂರುತ್ತದೆ, ಹತ್ತು ಗಂಟೆಗೆ 50. ನಾಲ್ಕು ದಿನದಲ್ಲಿ ಸಾರ್ಟರ್ ಮುಂದೆ 200 ಕ್ವಿಂಟಲ್ ಬೇಳೆ. ಟಿವಿ ಹಸಿರೋ ಹಸಿರು. ಅಷ್ಟರಲ್ಲಿ ಫಟ್ಕಾ ಅನ್ನುವ ಒಳ್ಳೆ ದರ್ಜೆಯ ಬೇಳೆಗೆ ಅವಸರದ ಆರ್ಡರ್ ಬಂತು. ಅದಕ್ಕೆ ಬೇಕಾದ ಲಾಟ್ ಈ ರಾಶಿಯ ಹಿಂದೆ ಸಿಕ್ಕಿಕೊಂಡಿತ್ತು. ಲಾರಿ ಗೇಟ್ ಹತ್ತಿರ ನಿಂತೇ ಇತ್ತು.

ಕಾದು ಕೂತ ಮಾಲಿನ ಲೆಕ್ಕ ಕಷ್ಟದ್ದೇನಲ್ಲ. 1961ರಲ್ಲಿ ಜಾನ್ ಲಿಟಲ್ ಅನ್ನುವವರು ಗಣಿತದಲ್ಲಿ ಸಾಬೀತು ಮಾಡಿದ್ದಾರೆ: ಕಾಯುವ ಮಾಲನ್ನು ಅದು ಹೊರಹೋಗುವ ವೇಗದಿಂದ ಭಾಗಿಸಿದರೆ ಕಾಯುವ ಹೊತ್ತು ಸಿಗುತ್ತದೆ. 200 ಭಾಗಿಸು 20, ಹತ್ತು ಗಂಟೆ. ಇವತ್ತು ರೋಲರ್‌ನಿಂದ ಬಿದ್ದ ಬೇಳೆಗೆ ಒಂದು ಪೂರ್ತಿ ಶಿಫ್ಟ್ ಸುಮ್ನೆ ಕೂರುವ ಶಿಕ್ಷೆ. ಓನೊ ಹೇಳಿದ ಏಳು ಬಗೆಯ ಪೋಲಿನಲ್ಲಿ ಅತಿ ಕೆಟ್ಟದ್ದು ಬೇಕಾದ್ದಕ್ಕಿಂತ ಜಾಸ್ತಿ ತಯಾರಿಸುವುದು, ಯಾಕಂದರೆ ಉಳಿದ ಪೋಲೆಲ್ಲ ಅದರ ಹೊಟ್ಟೆಯಲ್ಲೇ ಹುಟ್ಟುತ್ತದೆ. ನಮ್ಮ ಶೆಡ್‌ನ ಟಿವಿ ಆ ಪೋಲಿಗೇ ಬಹುಮಾನ ಕೊಡುತ್ತಿತ್ತು.

ಟಿವಿಯಿಂದ ಆ ಅಂಕಿ ತೆಗೆಸಿದೆವು. ಈಗ ಅಲ್ಲಿ ಒಂದೇ ಸಂಖ್ಯೆ: ಸಾರ್ಟರ್ ಮುಂದೆ ಎಷ್ಟು ಕ್ವಿಂಟಲ್ ಕಾಯುತ್ತಿದೆ. 40 ದಾಟಿದರೆ ಹಳದಿ ದೀಪ, 60 ದಾಟಿದರೆ ಕೆಂಪು. ಕೆಂಪಾದರೆ ರೋಲರ್ ನಿಲ್ಲಿಸಲು ಮಿಸ್ತ್ರಿಗೆ ಯಾರನ್ನೂ ಕೇಳಬೇಕಿಲ್ಲ. ಇದಕ್ಕೆ ಕಂಪನಿಯವರ ಹತ್ತಿರ ರೆಡಿ ಪರದೆ ಇರಲಿಲ್ಲ, ನಾವೇ ಕೂಡಿಸಿ ಕಳೆದು ಮಾಡಿಸಿದ್ದು. ತೂಕದ ಯಂತ್ರದ ಹಿಂದಿನ ಪೋರ್ಟ್‌ಗೆ ಪೆಟ್ಟಿಗೆಯ ವೈರ್ ಸಿಕ್ಕಿಸಬಹುದು ಅನ್ನೋದು ಅಲ್ಲಿ ಉಪಯೋಗಕ್ಕೆ ಬಂತು.

ಆ ದೀಪದ ಕಂಬದ ಬಗ್ಗೆ ಒಂದು ಮಾತು. ಇಡೀ ಕಿಟ್‌ನಲ್ಲಿ ಅಗ್ಗದ ಸಾಮಾನು ಅದೇ, ನನಗೆ ಇಷ್ಟವಾಗಿದ್ದೂ ಅದೇ, ಯಾಕಂದರೆ ತೊಂದರೆಯನ್ನು ಯಂತ್ರದ ಮುಂದೆ ಇರುವವರಿಗೇ ತೋರಿಸುತ್ತದೆ. ಟೊಯೊಟಾ ಕಾರಿಗೂ ಮುಂಚೆ ಸಾಕಿಚಿ ಟೊಯೊಡಾ ಮಗ್ಗ ಮಾಡುತ್ತಿದ್ದರು. 1924ರ ಅವರ ಸ್ವಯಂಚಾಲಿತ ಮಗ್ಗ ನೂಲು ಕಡಿದರೆ ತಾನೇ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆ ನೇಯುವುದಕ್ಕಿಂತ ನಿಲ್ಲುವುದು ಮೇಲು ಅನ್ನೋ ಲೆಕ್ಕ. ಜರ್ಮನಿಯವರು 2011ರ ಹ್ಯಾನೋವರ್ ಮೇಳದಲ್ಲಿ ಇಂಥ ನೆಟ್‌ಗೆ ಜೋಡಿಸಿದ ಕಾರ್ಖಾನೆಗೆ ಇಂಡಸ್ಟ್ರಿ 4.0 ಅಂತ ಹೆಸರಿಡುವ ಎಷ್ಟೋ ಮುಂಚೆಯೇ ಆ ಮಗ್ಗಕ್ಕೆ ಇಷ್ಟು ಬುದ್ಧಿ ಇತ್ತು. ನಮ್ಮ ಕಿಟ್ ಮಾತ್ರ ತೊಂದರೆಯಾದರೆ ನನ್ನ ಫೋನಿಗೆ ಮೆಸೇಜ್ ಹಾಕುತ್ತದೆ. ನಾನು ಸೂಪರ್ ಮಾರ್ಕೆಟ್‌ನಲ್ಲಿ ಇರುತ್ತೇನೆ, ಯಂತ್ರದ ಮುಂದೆ ಮಿಸ್ತ್ರಿ ಇರುತ್ತಾರೆ. ಯಾರಿಗೆ ಮೊದಲು ಗೊತ್ತಾಗಬೇಕು?

ಕಿಟ್ ಮುಟ್ಟಲಾಗದ ಜಾಗ ಇನ್ನೂ ಇದೆ. ತೊಗರಿಗೆ ಎಣ್ಣೆ ಹಚ್ಚಿ, ರಾಶಿ ಹಾಕಿ, ಶಹಾಬಾದ್ ಫರಸಿ ಹಾಸಿದ ಅಂಗಳದಲ್ಲಿ ದಿನಗಟ್ಟಲೆ ಒಣಗಿಸುತ್ತೇವೆ. ಯಂತ್ರದೊಳಗೆ ಕಾಳು ಇರುವುದು ಸ್ವಲ್ಪ ಹೊತ್ತು, ಹೊರಗೆ ಕಾಯುವುದೇ ಹೆಚ್ಚು. ಆರು ಕ್ಲಾಂಪ್‌ಗಳಲ್ಲಿ ಒಂದೂ ಆ ಅಂಗಳದಲ್ಲಿಲ್ಲ. ಲಾಟ್ ನಂಬರ್ ಕೂಡ ಈ ಆ್ಯಪ್‌ಗೆ ಗೊತ್ತಿಲ್ಲ. ನಮ್ಮ ತೊಗರಿಬೇಳೆಗೆ 2019ರಲ್ಲಿ ಜಿಐ, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಯಾವ ಊರಿನ ಮಾಲು ಅಂತ ಕೇಳುವ ಗಿರಾಕಿಗಳು ಇದ್ದಾರೆ. ಅದಕ್ಕೆ ಇನ್ನೂ ಚೀಲದ ಚೀಟಿಯೇ ಗತಿ. ಇಳುವರಿಯೂ ಹಾಗೇ: ತೊಗರಿಯಲ್ಲಿ ಬೇಳೆಯ ಪಾಲು ಸುಮಾರು ಶೇ. 85 ಇದ್ದರೂ ಮಿಲ್‌ಗಳಿಗೆ ಸಾಮಾನ್ಯವಾಗಿ ಕೈಗೆ ಬರುವುದು 70ರಿಂದ 75. ನುಚ್ಚಾಗಿ ಹೋಗುವ ಆ ದುಡ್ಡಿನ ಮುಂದೆ ಚೀಲಕ್ಕೆ ಕಾಯುವ ನಿಮಿಷಗಳು ಏನೂ ಅಲ್ಲ.

ಸರ್ವಿಸ್ ಪರವಾಗಿಲ್ಲ, ಫೋನ್ ಎತ್ತುತ್ತಾರೆ. ಬೇಸರದ್ದು ಏನೆಂದರೆ 90 ದಿನಕ್ಕಿಂತ ಹಳೆಯ ಲೆಕ್ಕ ಬೇಕಾದರೆ ದುಬಾರಿ ಪ್ಲಾನ್‌ಗೆ ಹೋಗಬೇಕು. ಹೋದ ಸೀಸನ್‌ಗೂ ಈ ಸೀಸನ್‌ಗೂ ಹೋಲಿಸದಿದ್ದರೆ ತೊಗರಿ ಮಿಲ್‌ಗೆ ಇದರಿಂದ ಏನು ಪ್ರಯೋಜನ? ಪ್ರತಿ ತಿಂಗಳು ಎಕ್ಸೆಲ್‌ನಲ್ಲಿ ಇಳಿಸಿಕೊಳ್ಳುವುದು ಮರೆಯಬೇಡಿ.

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ತಗೊಳ್ಳುವವರು ಮೊದಲು ಒಂದು ತಿಂಗಳು ಬೋರ್ಡ್ ಮೇಲೆ ಸೀಮೆಸುಣ್ಣದಲ್ಲಿ ನಿಲುಗಡೆ ಬರೆಸಿ, ಎಲ್ಲಿ ಮಾಲು ಕೂರುತ್ತದೆ ಅಂತ ಮಿಲ್ ತುಂಬ ನಡೆದು ನೋಡಿ. ಲೀನ್ ಕಲಿಸಲು ಜನ ಬೇಕಿದ್ದರೆ ಸಣ್ಣ, ಮಧ್ಯಮ ಉದ್ದಿಮೆಗಳಿಗಾಗಿ ಕೇಂದ್ರದ ಎಂಎಸ್‌ಎಂಇ ಲೀನ್ ಯೋಜನೆ 2023ರ ಮಾರ್ಚ್‌ನಲ್ಲಿ ಶುರುವಾಗಿದೆ. ಸಲಹೆಗಾರರ ಫೀಯ ಶೇ. 90 ಸರ್ಕಾರ ಕೊಡುವಂತೆ ಅದನ್ನು ರೂಪಿಸಿದ್ದಾರೆ. ಆಮೇಲೆ ಆರು ಯಂತ್ರಕ್ಕಲ್ಲ, ಅತಿ ನಿಧಾನದ ಯಂತ್ರ ಯಾವುದೋ ಅದಕ್ಕೂ ಕಂಪ್ರೆಸರ್‌ಗೂ ಮಾತ್ರ ಹಾಕಿಸಿ. ನಾವೂ ಬರುವ ಸೀಸನ್‌ಗೆ ಎರಡು ಎಲಿವೇಟರ್‌ಗಳ ಬಾಡಿಗೆ ನಿಲ್ಲಿಸಲು ಹೇಳಿದ್ದೇವೆ.