ಅರ್ಧಕ್ಕೆ ನಿಂತ ರಿಪೇರಿ: ಸಂಧಾನದ ಮೇಜೋ, ಗ್ರಾಹಕರ ಆಯೋಗವೋ?

ಮೈಸೂರಿನ ನಮ್ಮ ಹಳೆಯ ಮನೆಯ ತಾರಸಿ ಸೋರಿಕೆ ನಿಲ್ಲಿಸಿ ಗೋಡೆಗಳಿಗೆ ಹೊಸ ಗಿಲಾವು ಮಾಡಿಕೊಡಲು 4 ಲಕ್ಷಕ್ಕೆ ಒಪ್ಪಿದ್ದ ಗುತ್ತಿಗೆದಾರರು, 3 ಲಕ್ಷ ಕೈಸೇರಿದ ಮೇಲೆ ಆಳುಗಳನ್ನು ಬೇರೆ ಸೈಟಿಗೆ ಕಳುಹಿಸಿದರು. ಇನ್ನೂ 50 ಸಾವಿರ ಕೊಟ್ಟರೆ ಬರುತ್ತೇವೆ ಎಂಬುದು ಅವರ ಪಟ್ಟು. ಆಗಿರುವ ಕೆಲಸ 2 ಲಕ್ಷದ್ದೂ ಇಲ್ಲ ಎಂಬುದು ನನ್ನ ವಾದ.

ಪೊಲೀಸ್ ಠಾಣೆಯಲ್ಲಿ ‘ಸಿವಿಲ್ ಸ್ವರೂಪದ ವಿಷಯ’ ಎಂಬ ಹಿಂಬರಹ ಸಿಕ್ಕಿತು. ವಕೀಲರ ನೋಟಿಸ್ ‘ವಿಳಾಸದಾರರು ಮನೆಯಲ್ಲಿಲ್ಲ’ ಎಂಬ ಷರಾ ಹೊತ್ತು ಮರಳಿತು. ತೂಗಿ ನೋಡಲು ಯೋಗ್ಯವಾದವು ಉಳಿದ ಎರಡೇ.

ಮೊದಲನೆಯದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವ್ಯಾಜ್ಯಪೂರ್ವ ಅರ್ಜಿ, ಅಂದರೆ ಮೊಕದ್ದಮೆ ಹೂಡುವ ಮುನ್ನವೇ ಸಂಧಾನ ಕೋರುವುದು. ಶುಲ್ಕವಿಲ್ಲ. ಆಶ್ಚರ್ಯವೆಂದರೆ, ಅಲ್ಲಿಂದ ಕರೆ ಹೋದಾಗ ಗುತ್ತಿಗೆದಾರರು ಬಂದರು. ಅಂಗಿಯ ಜೇಬಿನಿಂದ ಮಡಚಿದ ನೋಟ್‌ಬುಕ್ಕನ್ನೂ ತೆಗೆದರು. ಗಾರೆಯವರು ಇಬ್ಬರು, ಹೆಣ್ಣಾಳು ಒಬ್ಬರು, ಮರಳು ಅರ್ಧ ಲೋಡು, ಮಧ್ಯಾಹ್ನ ಮಳೆ, ಅರ್ಧ ಕೂಲಿ. ಹೀಗೆ ಪುಟದ ಮೇಲೆ ಪುಟ. ನಾನು ಮುಗಿದ ಚದರಡಿಯ ಲೆಕ್ಕ ಹಿಡಿದು ಕೂತಿದ್ದೆ, ಅವರು ಬಟವಾಡೆ ಮಾಡಿದ ಕೂಲಿಯ ಲೆಕ್ಕ. ಎರಡೂ ಸುಳ್ಳಲ್ಲ. ಹಳೆಯ ಗಿಲಾವನ್ನು ಕಿತ್ತು, ಆ ಕಸ ಸಾಗಿಸಲು ಹಿಡಿದ ದುಡಿಮೆ ಚದರಡಿಯಲ್ಲಿ ಕಾಣುವುದೇ ಇಲ್ಲ. ಈ ಜಗಳಗಳು ಬಗೆಹರಿಯದಿರುವುದಕ್ಕೆ ಮುಕ್ಕಾಲು ಪಾಲು ಕಾರಣ ಇದೇ ಎಂದು ನನಗೆ ಅನಿಸಿದೆ.

ರಾಜಿಯಾಗಿ ಲೋಕ ಅದಾಲತ್‌ನಲ್ಲಿ ದಾಖಲಾದರೆ ಅದು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ, ಮೇಲ್ಮನವಿಯೂ ಇಲ್ಲ. ಆದರೆ ರಾಜಿಯಾಗಬೇಕಲ್ಲ! ತಾರಸಿಯ ಮಾತು ಬಂದದ್ದೇ ಅವರು ಬರುವುದನ್ನು ನಿಲ್ಲಿಸಿದರು. ಎಳೆದು ತರುವ ಅಧಿಕಾರ ಅಲ್ಲಿ ಯಾರಿಗೂ ಇಲ್ಲ.

ಎರಡನೆಯದು ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. 2019ರ ಕಾಯ್ದೆಯ ಪ್ರಕಾರ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಪಾವತಿಸಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಎದುರು ಪಕ್ಷ 30 ದಿನಗಳಲ್ಲಿ, ಹೆಚ್ಚೆಂದರೆ ಇನ್ನೂ 15 ದಿನಗಳಲ್ಲಿ ಉತ್ತರ ಕೊಡಬೇಕು. ಇಲ್ಲಿ ನೋಟ್‌ಬುಕ್ಕಿನ ಕಥೆಗೆ ಬೆಲೆಯಿಲ್ಲ, ಕಾಗದಕ್ಕೆ ಮಾತ್ರ. ಎಂಜಿನಿಯರ್ ಕೊಟ್ಟ ಅಳತೆಯ ವರದಿ, ಬ್ಯಾಂಕ್ ಪಾವತಿ, ವಾಟ್ಸ್‌ಆ್ಯಪ್ ಸಂದೇಶಗಳು ನಿಂತವು. ರಸೀದಿಯಿಲ್ಲದೆ ಕೊಟ್ಟ 40 ಸಾವಿರ ನಗದು ಬಿದ್ದುಹೋಯಿತು. ಸಂಧಾನದ ಮೇಜಿನಲ್ಲಿ ಅವರೇ ಅದನ್ನು ಒಪ್ಪಿದ್ದರು. ಆದರೆ ಅಲ್ಲಿ ಆಡಿದ ಮಾತನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ.

ದೂರಿನ ಇತ್ಯರ್ಥಕ್ಕೆ ಕಾನೂನು ಹೇಳುವ 3 ತಿಂಗಳು, 5 ತಿಂಗಳನ್ನು ನಂಬಿ ಕೂರಬೇಡಿ. ನನ್ನ ಪ್ರಕರಣ ಒಂದು ಮಳೆಗಾಲವನ್ನು ದಾಟಿತು. ಆದೇಶ ಪಾಲಿಸದಿದ್ದರೆ ಜೈಲೂ ಆಗಬಹುದು ಎಂಬ ಸೆಕ್ಷನ್ 72ರ ಅರ್ಜಿ ಹಾಕಿದ ಮೇಲಷ್ಟೇ ಹಣ ಬಂತು.

ಕೆಲಸವೇ ಮುಗಿಯಬೇಕು, ಕೊಟ್ಟದ್ದು ಹೆಚ್ಚಾಗಿ ನಗದು ಎಂದಾದರೆ ಸಂಧಾನ. ಹಣವೇ ಬೇಕು, ದಾಖಲೆಯೂ ಇದೆ ಎಂದಾದರೆ ಆಯೋಗ. ಸಂಧಾನದಲ್ಲಿ ತಿಂಗಳುಗಟ್ಟಲೆ ಓಡಾಡುವವರು ಆಯೋಗಕ್ಕೆ ದೂರು ಕೊಡಲು ಇರುವ 2 ವರ್ಷಗಳ ಗಡುವಿನ ಮೇಲೆ ಕಣ್ಣಿಟ್ಟಿರಿ. ಹೊಸ ಮೇಸ್ತ್ರಿ ತಾರಸಿ ಹತ್ತುವ ಮುನ್ನ ಎಂಜಿನಿಯರಿಂದ ಅಳತೆ ಬರೆಸಿ, ಫೋಟೊ ತೆಗೆಸಿಡಿ. ಅವರು ಒಂದು ಬಾಂಡಲಿ ಗಾರೆ ಸುರಿದರೂ ಹಳೆಯ ಕೆಲಸ ಯಾವುದು, ಹೊಸದು ಯಾವುದು ಎಂದು ಮತ್ತೆ ತೋರಿಸಲಾಗದು.